ಅರ್ಥ ಗೊತ್ತಿಲ್ಲದ ಜೋಗುಳ

ಕರೆಂಟು ಹೋಯಿತು, ಫ್ಯಾನು ಕಿರ್ರೆನ್ನುತ್ತ ನಿಧಾನವಾಗಿ ನಿಲ್ಲುತ್ತಿದೆ, ಇನ್ನು ಮನೆಯಲ್ಲಿ ಉಳಿದಿದ್ದು ಇವಳ ಅಳು ಒಂದೇ, ಅದೂ ಬೆಳಗಿನ ಹಾಗೆ ಜೋರಿಲ್ಲ, ಗಂಟಲಲ್ಲೇ ಎಳೆಯುವ ಅಳು, ನನ್ನ ಶೋಭಿತಾ, ನನ್ನ ಕಂದ, ಹಾಲಿಗೆ ಬಾಯಿ ಹಾಕಲೊಲ್ಲದು, ಹಣೆ ಮುಟ್ಟಿದರೆ ಕಾದ ಹೆಂಚು, ಮದ್ದೂರಿನ ಡಾಕ್ಟರು ಏನಂದರು, ಔಷಧಿ ಕುಡಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಮಗು ಚೆನ್ನಾಗಿ ನಿದ್ದೆ ಮಾಡಲಿ, ಸಂಜೆಗೂ ಜ್ವರ ಇಳೀಲಿಲ್ಲ ಅಂದ್ರೆ ಮಂಡ್ಯಕ್ಕೆ ಕರ್ಕೊಂಡು ಹೋಗಿ — ನಿದ್ದೆ ಮಾಡಲಿ ಅಂದರು, ಇವಳಿಗೆ ನಿದ್ದೆ ಬರುವುದೋ ಒಂದೇ ಒಂದು ಹಾಡಿಗೆ, ನಾನಿನ್ನು ಬಾಯಲ್ಲಿ ಆಡಬಾರದ ಆ ಹಾಡಿಗೆ. ತೊಲೆಗೆ ಕಟ್ಟಿದ ಸೀರೆ ತೂಗುತ್ತಿದೆ, ಅತ್ತೆಯ ಹಳೆಯ ಸೀರೆ, ಅವರೇ ಗಂಟು ಬಿಗಿದು ಕಟ್ಟಿಕೊಟ್ಟದ್ದು, ಅತ್ತೆ ಡೈರಿಗೆ ಹಾಲು ಹಾಕಲು ಹೋದರು, ಹೋಗುವಾಗಲೂ ಬಾಗಿಲಲ್ಲಿ ನಿಂತು, ಸುಮ್ಕೆ ಯಾಕಮ್ಮಿ ಕೂತಿದ್ದೀಯ, ಆಡೇಳು, ನಿನ್ ಆಡ್ಗೇ ಕಣಮ್ಮ ಅದು ಕಣ್ ಮುಚ್ಚೋದು — ಅವರಿಗೇನು ಗೊತ್ತು, ಹುಟ್ಟಿದಾಗಿನಿಂದ ನಿಮ್ಮ ಮೊಮ್ಮಗಳಿಗೆ ಸಾವಿನ ಹಾಡು ಹಾಡಿ ಮಲಗಿಸಿದ್ದೀನಿ ಅಂತ ಯಾವ ಬಾಯಲ್ಲಿ ಹೇಳಲಿ.

ಆಂಡಾಳಮ್ಮ ಸುಳ್ಳು ಹೇಳುವವರಲ್ಲ, ಬೆಳಿಗ್ಗೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದರು, ಮನೆಯಲ್ಲಿ ತಮಿಳು ಮಾತಾಡುವ ಅಯ್ಯಂಗಾರರು, ಟೀಚರಾಗಿದ್ದವರಂತೆ, ಬಂದವರೇ ಮಗುವಿನ ಕಾಲು ಸವರಿ ಪಾಪ ಎಷ್ಟು ಸುಡ್ತಾ ಇದೆ ಅಂದವರು, ನಾನು ಹಾಡು ಶುರು ಮಾಡಿದ್ದೇ ತಡ ಕೈ ಹಿಂದಕ್ಕೆ ತೆಗೆದುಕೊಂಡರು, ಏನಮ್ಮಾ, ಎಲ್ಲಿ ಕಲಿತೆ ಇದನ್ನ, ಅರ್ಥ ಗೊತ್ತಾ ನಿಂಗೆ, ಇಲ್ಲ ಅಮ್ಮಾವ್ರೇ, ತಮಿಳು ಜೋಗುಳ ಅಲ್ವಾ, ಜೋಗುಳ ಅಲ್ಲಮ್ಮ, ಹೋದ ಮಗೂನ ನೆನೆಸಿಕೊಂಡು ತಾಯಿ ಅಳೋ ಹಾಡು ಇದು, ಬೇಡ ಕಣಮ್ಮ, ಮಗು ಮುಂದೆ ಹಾಡಬೇಡ — ಅಷ್ಟರಲ್ಲಿ ಒಳಗಿಂದ ನಮ್ಮನ್ನು ಕರೆದರು, ಇವಳನ್ನೆತ್ತಿಕೊಂಡು ಎದ್ದೆ. ಜೋಗುಳ ಅಲ್ಲದೆ ಇನ್ನೇನು ಅಂದುಕೊಳ್ಳಬೇಕಿತ್ತು ನಾನು, ತೊಟ್ಟಿಲು ತೂಗುತ್ತಾ ಹಾಡುತ್ತಿದ್ದಳಲ್ಲ ಆ ಹೆಂಗಸು, ಕಳೆದ ಸಲ ಕಬ್ಬು ಕಡಿಯಲು ಬಂದಿದ್ದ ತಮಿಳಿನವರ ಗುಂಪಿನವಳು, ನಮ್ಮ ಗದ್ದೆಯ ಹಿಂದೆ ಹೊಂಗೆಮರದ ಕೆಳಗೆ ಅವರ ಬಿಡಾರ, ಕೊಂಬೆಗೆ ಹಳದಿ ಸೀರೆ ತೊಟ್ಟಿಲಾಗಿ ಕಟ್ಟಿತ್ತು, ದಿನಾ ಸಂಜೆ ಮೂರು ಕಲ್ಲಿನ ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗ ಅವಳು ಒಂದು ಕೈಯಲ್ಲಿ ತೂಗುತ್ತಿದ್ದಳು, ಇನ್ನೊಂದು ಕೈ ಸೀರೆಯ ಅಡಿಗೆ, ಅಂಗೈ ಮೇಲಾಗಿ, ಮಗುವಿನ ಬೆನ್ನಿಗೆ ಆಸರೆ ಕೊಟ್ಟ ಹಾಗೆ, ಮತ್ತೆ ಆ ಹಾಡು, ಕೇಳಿದರೆ ಮೈಯೆಲ್ಲ ಕರಗಿ ನೀರಾಗುವ ರಾಗ, ನಾನು ಬಸುರಿ, ಮಜ್ಜಿಗೆ ಕೊಡುವ ನೆಪ ಮಾಡಿಕೊಂಡು ಹೋಗಿ ಕೂರುತ್ತಿದ್ದೆ, ಗಿಣಿಯ ಹಾಗೆ ಒಂದೊಂದೇ ಪದ ಕಲಿತೆ, ಒಂದಕ್ಕೂ ಅರ್ಥ ಗೊತ್ತಿಲ್ಲ, ಅವಳಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು, ಕೇಳುವುದಾದರೂ ಹೇಗೆ. ಎಂಥ ಸಮಾಧಾನದ ಮಗು ಅಂದುಕೊಳ್ಳುತ್ತಿದ್ದೆ, ಒಂದು ದಿನವೂ ಅಳಲಿಲ್ಲ — ಅಯ್ಯೋ ಶಿವನೇ, ಒಂದು ದಿನವೂ ಅಳಲಿಲ್ಲ, ಒಂದು ಸಂಜೆ ಗಾಳಿ ಬೀಸಿದಾಗ ಸೀರೆ ಒಗೆದು ಒಣಹಾಕಿದ ಬಟ್ಟೆಯ ಹಾಗೆ ಮೇಲಕ್ಕೆ ಹಾರಿತ್ತು, ನೋಡಿದ್ದೆ, ಕಣ್ಣಾರೆ ನೋಡಿದ್ದೆ, ಮಗು ಮಡಿಲಲ್ಲಿರಬೇಕು ಅಂದುಕೊಂಡೆ, ಮಡಿಲಲ್ಲಿ ಸೌದೆ ಇತ್ತು.

ಬರಿದು ತೊಟ್ಟಿಲು ತೂಗಬಾರದು ಅಂತ ನಮ್ಮಲ್ಲಿ ಕೂಸಿಗೂ ಗೊತ್ತು, ಹೆಸರಿಡುವ ದಿನ ಇವಳಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿದರು, ಕಸ ಗುಡಿಸುವಾಗ ಸೀರೆಗೆ ನನ್ನ ಭುಜ ತಗುಲಿ ಅಲ್ಲಾಡಿದರೂ ಅತ್ತೆ, ಇಡ್ಕೊಳಮ್ಮಿ ಅದ್ನ, ಬರೀ ತೊಟ್ಲು ತೂಗ್ಬ್ಯಾಡ ಅಂತ ಅಡುಗೆಮನೆಯಿಂದಲೇ ಕೂಗುತ್ತಾರೆ, ಆ ಅತ್ತೆಯ ಸೊಸೆ ನಾನು ಬರಿದು ತೊಟ್ಟಿಲ ಮುಂದೆ ಕೂತು ತಲೆದೂಗಿ ಬಂದೆ. ಒಂದು ಸಲ ಅವಳು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಹಾಡಿದಳು, ಒಳಗೆ ಇವಳು ಒದ್ದಳು, ಖುಷಿಗೆ ಒದ್ದಳು ಅಂತ ನಾಗರಾಜುಗೆ ಹೇಳಿ ಹೇಳಿ ನಕ್ಕಿದ್ದೆ, ನಾಗರಾಜು, ನನ್ನ ಗಂಡ, ಈಗ ಕಬ್ಬಿನ ಲೋಡು ಇಟ್ಟುಕೊಂಡು ಫ್ಯಾಕ್ಟರಿ ಮುಂದೆ ನಿಂತಿದ್ದಾನೆ, ಫೋನು ಎತ್ತುತ್ತಿಲ್ಲ, ಅವನೇ ರೇಗಿಸುತ್ತಿದ್ದ, ಅರ್ತ ಗೊತ್ತಿಲ್ದೆ ಅದೇನಮ್ಮಿ ಆಡ್ತೀಯ, ಉಪ್ಪಿಲ್ದಿರೋ ಸಾರು ಕಣೆ ಅದು, ನಾನು ಬಿಡುತ್ತೇನೆಯೇ, ಗುಡೀಲಿ ಅಯ್ನೋರು ಮಂತ್ರ ಏಳ್ತಾರಲ್ಲ, ನಿಂಗೊಂದಾದ್ರೂ ಅರ್ತ ಆಯ್ತದಾ, ಕೈ ಮುಗಿಯಾಕಿಲ್ವಾ, ಕಿವಿಗೆ ಬಿದ್ರೆ ಸಾಕು — ಕಿವಿಗೆ ಬಿದ್ದರೆ ಸಾಕು ಅಂದೆ, ನಾನೇ ಅಂದೆ. ಅರ್ಥ ತಿಳಿಯದೆಯೂ ಮಂತ್ರ ಕಾಯುತ್ತದೆ ಅನ್ನುವುದಾದರೆ ಅರ್ಥ ತಿಳಿಯದ ಶಾಪವೂ ತಟ್ಟಬೇಕಲ್ಲ, ಎಷ್ಟು ಸಲ ಹಾಡಿದೆನೋ, ಎಣ್ಣೆ ಒತ್ತುವಾಗ, ನೀರು ಹಾಕುವಾಗ, ಸಾಂಬ್ರಾಣಿ ಹೊಗೆ ಹಿಡಿಯುವಾಗ, ಹನಿ ಹನಿಯಾಗಿ ಎರೆದೆನಲ್ಲ ಇವಳ ಕಿವಿಗೆ, ಇವಳೂ ನನ್ನ ಬಾಯನ್ನೇ ನೋಡುತ್ತ ನಗುತ್ತಿದ್ದಳಲ್ಲ.

ಬೇರೆ ಹಾಡು, ಬೇರೆ ಹಾಡು ಹಾಡಬೇಕು, ಮಳವಳ್ಳಿಗೆ ಅಮ್ಮನಿಗೆ ಫೋನು ಮಾಡಿದೆ, ಅವ್ವ ಒಂದ್ ಜೋಗುಳ ಏಳ್ಕೊಡು ಅಂದರೆ ಅವಳು ಗಾಬರಿ, ಯಾಕವ್ವ ಈಗ, ಮಗ ಎಂಗದೆ, ಏಳು ಅಂದ್ರೆ ಏಳವ್ವ, ಅವಳು ಫೋನಿನಲ್ಲೇ ಹಾಡಿದಳು, ನಾನು ಹಾಡಿದೆ, ಒಂದೊಂದು ಮಾತೂ ಗೊತ್ತು, ಹಾಲು, ಬೆಣ್ಣೆ, ಮುತ್ತು, ಸೋದರಮಾವ, ಒಂದೊಂದೂ ಹರಕೆಯ ಮಾತು, ಇವಳು ಬೆನ್ನು ಬಿಲ್ಲಾಗಿಸಿ ಚೀರಿದಳು, ಟಿವಿಯಲ್ಲಿ ಬರುವ ಹಾಡು ಹಾಡಿದೆ, ಚೀರಿದಳು, ಬಾಯಿ ಮುಚ್ಚಿಕೊಂಡು ಆ ರಾಗ ಮಾತ್ರ ಊಂ ಊಂ ಅಂದೆ, ರಾಗಕ್ಕೇನು ಪಾಪ, ರಾಗಕ್ಕೆ ಯಾವ ಅರ್ಥ — ಅಳು ನಿಲ್ಲಿಸಿ ಕಣ್ಣು ಬಿಟ್ಟು ನನ್ನ ತುಟಿಯನ್ನೇ ನೋಡಿದಳು, ಕಾದಳು, ಪದ ಬರಲಿಲ್ಲ, ಮತ್ತೆ ಅಳು, ಇವಳಿಗೆ ಪದವೇ ಬೇಕು, ಇವಳಿಗೂ ಅರ್ಥ ಗೊತ್ತಿಲ್ಲ ಆದರೆ ಪದವೇ ಬೇಕು. ಅಳು ಸಣ್ಣಗಾಗುತ್ತಿದೆ, ಶಕ್ತಿ ಮುಗಿಯುತ್ತಿದೆಯೇನೋ, ಬಾಗಿಲ ಬಿಸಿಲು ಹೊಸ್ತಿಲು ದಾಟಿತು, ಅತ್ತೆ ಬರಲಿಲ್ಲ, ಅವನು ಫೋನು ಎತ್ತಲಿಲ್ಲ, ನಿದ್ದೆ ಮಾಡಲಿ ಅಂದರು ಡಾಕ್ಟರು, ಹಾಡಬೇಡ ಅಂದರು ಆಂಡಾಳಮ್ಮ, ನನಗೆ ಭಯ, ಹಾಡಲೂ ಭಯ, ಹಾಡದಿರಲೂ ಭಯ, ಮಾದಪ್ಪ, ನಿನ್ನ ಕಾಲಿಗೆ ಬೀಳುತ್ತೇನೆ, ನನ್ನ ಬಾಯಿಂದ ಬಂದದ್ದು ನನಗೇ ತಟ್ಟಲಿ, ಇವಳಿಗೆ ಬೇಡ — ಹಾಡುತ್ತಿದ್ದೇನೆ. ಹಾಡುತ್ತಿದ್ದೇನೆ, ಮೊದಲನೇ ಪದಕ್ಕೇ ಅಳು ನಿಂತಿತು, ಎರಡನೆಯದಕ್ಕೆ ಮುಷ್ಟಿ ಸಡಿಲ, ಸೀರೆ ಎರಡೂ ಕಡೆಯಿಂದ ಕೂಡಿಕೊಂಡು ಮುಖ ಮುಚ್ಚಿತು, ಈಗ ಸದ್ದಿಲ್ಲ, ಇಷ್ಟು ಬೇಗ ನಿದ್ದೆಯೇ, ಸೀರೆ ಸರಿಸಿ ನೋಡಬೇಕು, ಕೈ ಏಳುತ್ತಿಲ್ಲ, ಒಂದು ಕೈ ತೂಗುತ್ತಿದೆ, ಇನ್ನೊಂದು ಕೈ ತಾನಾಗಿ ಅಡಿಗೆ ಹೋಯಿತು, ಭಾರ ಇದೆ, ಬಟ್ಟೆ ಒದ್ದೆ, ಬೆವರು, ಬೆವರಿದರೆ ಜ್ವರ ಇಳಿಯಿತು ಅಂತಲ್ಲವೇ, ಇದೆ, ಬೆಚ್ಚಗಿದೆ, ಭಾರ ಇದೆ ಅಂತ ಕೈ ಹೇಳುತ್ತಿದೆ, ಕೈ ಹೇಳಿದ್ದನ್ನು ನಂಬಬಹುದೇ, ಹೊಂಗೆಮರದ ಕೆಳಗೆ ಅವಳ ಕೈಯೂ ದಿನಾ ಸಂಜೆ ಇದನ್ನೇ ಹೇಳುತ್ತಿತ್ತೇನೋ, ಭಾರ ಇದೆ, ಇದೆ ಅಂತ, ತೂಗುವುದು ನಿಲ್ಲಿಸಲಾರೆ, ಹಾಡು ನಿಲ್ಲಿಸಲಾರೆ, ಸೀರೆಯ ಅಡಿಗೆ ಕೈ, ಅಂಗೈ ಮೇಲಾಗಿ, ಸೀರೆಯ ಅಡಿಗೆ ಅವಳ ಕೈ, ಅಂಗೈ ಮೇಲಾಗಿ