ಕಿವಿಯಿಂದ ಮುಟ್ಟು

ತಾತ ಎರಡೂ ಕೈಯಲ್ಲಿ ಹೂದಾನಿಯನ್ನು ಹಿಡಿದು ಸ್ಪೀಕರಿನ ಮೇಲಿಂದ ಎತ್ತುವಷ್ಟರಲ್ಲಿ ನೀರು ತುಳುಕಿ ಅಂಗಿಯ ತೋಳು ಒದ್ದೆಯಾಯಿತು. ತೋಳು ಹಾಳಾಗಿ ಹೋಗಲಿ ಎಂದುಕೊಂಡು, ಮರದ ಮೇಲೆ ಬಿದ್ದ ನಾಲ್ಕು ಹನಿಗಳನ್ನು ಮೊದಲು ಕರವಸ್ತ್ರದಿಂದ ಒತ್ತಿ ತೆಗೆದರು.

"ಇಲ್ಲಿ ಇದನ್ನ ಇಟ್ಟೋರು ಯಾರು?"

ಹೂ ತಂದವರು ಬಹಳ ಜನ, ಇಡಲು ಜಾಗ ಸ್ವಲ್ಪ. ಮುಂದಿನ ಕೋಣೆಯ ನಡುವೆ ಮಂಚದ ಮೇಲೆ ಅಜ್ಜಿ ಮಲಗಿದ್ದರು, ಕತ್ತಿನವರೆಗೆ ಬಿಳಿ ಹೊದಿಕೆ ಎಳೆದುಕೊಂಡು, ಮಧ್ಯಾಹ್ನದ ನಿದ್ದೆಗೆ ಜಾರಿದವರ ಹಾಗೆ. ಮೊನ್ನೆ ಸಂಜೆ ಪರದೆಯೊಂದರ ಅಂಚು ಹೊಲಿದು ಮುಗಿಸಿ, ದಾರ ಕತ್ತರಿಸಿ, "ಸ್ವಲ್ಪ ಒರಗ್ತೀನಿ" ಎಂದು ಹೋದವರು ಮತ್ತೆ ಏಳಲಿಲ್ಲ. ನಾಲ್ಕು ಗಂಟೆಗೆ ಗಾಡಿ ಬರುತ್ತದೆ. ಅದಕ್ಕೆ ಮುಂಚೆ ಕೊಳಲಿನ ಗ್ರಾಮಫೋನ್ ತಟ್ಟೆಯೊಂದನ್ನು ಈ ಸ್ಪೀಕರುಗಳಲ್ಲಿ ಅವಳಿಗೆ ಕೇಳಿಸಿ ಕಳಿಸಬೇಕು ಎಂಬುದೊಂದೇ ತಾತನ ಹಟ. ಮಿಕ್ಕದ್ದೆಲ್ಲ ಯಾರು ಹೇಗೆ ಮಾಡಿದರೂ ಅವರಿಗೆ ಚಿಂತೆಯಿರಲಿಲ್ಲ.

ಆದರೆ ಬೆಳಗಿನಿಂದ ಮನೆಗೆ ಏನೋ ಆಗಿತ್ತು. ಏಳು ಗಂಟೆಗೆ ಬೂದು ಬೆಕ್ಕು ಬಂದು ಬಲಗಡೆಯ ಸ್ಪೀಕರಿನ ಮಗ್ಗುಲಿಗೆ ಉಗುರು ಮಸೆದು ಮೂರು ಗೆರೆ ಎಳೆದಿತ್ತು. ಹನ್ನೊಂದು ವರ್ಷದಿಂದ ಅನ್ನ ತಿಂದುಕೊಂಡಿರುವ ಬೆಕ್ಕು, ಒಂದು ದಿನವೂ ಅತ್ತ ತಲೆ ಹಾಕಿದ್ದಲ್ಲ. ಒಂಬತ್ತಕ್ಕೆ ಯಾರೋ ಚಹಾದ ಲೋಟ ಇಟ್ಟು ಉಂಗುರದಂಥ ಗುರುತು ಮಾಡಿದ್ದರು. ಈಗ ಹೂದಾನಿ.

"ಮೂವತ್ನಾಲ್ಕು ವರ್ಷದಲ್ಲಿ ಇವಕ್ಕೆ ಒಂದು ಗೀರು ಬಿದ್ದಿಲ್ಲ, ಗೊತ್ತಾ?" ಎಂದು ತಾತ ಪಕ್ಕದಲ್ಲಿ ಕುಳಿತಿದ್ದ ರಿಪೇರಿಯವರಿಗೆ ಹೇಳಿದರು. ಅವರು ಮೂಲೆಯ ಬೀದಿಯ ರೇಡಿಯೋ ಅಂಗಡಿಯವರು, ತಲೆಯೆಲ್ಲ ನೆರೆತ ಮನುಷ್ಯ. "ಈ ಮನೇಲಿ ಎಷ್ಟು ಮಕ್ಕಳು ಬೆಳೆದ್ವು! ಒಂದನ್ನೂ ನಾನು ಈ ಹಾಲಿಂದ ಆಚೆ ಕಳಿಸಿದೋನಲ್ಲ. ನಮ್ಮನೆ ಮಕ್ಕಳೇ ಹಾಗೆ."

ರಿಪೇರಿಯವರು ಮಂಚದ ಕಡೆ ನೋಡಿದರು. "ಹೌದು ಸಾರ್" ಎಂದಷ್ಟೇ ಅಂದರು.

ಕುರ್ಚಿಗಳಿಗೆ ಜಾಗ ಮಾಡಲು ತಾತನ ತಂಗಿಯ ಮಗ ಎಡಗಡೆಯ ಸ್ಪೀಕರನ್ನು ಸರಿಸಲು ನೋಡಿದ. ಆರಡಿ ಆಳು, ಲಾರಿಗೆ ಸಾಮಾನು ಏರಿಸುವುದೇ ಅವನ ಕೆಲಸ. ಪೆಟ್ಟಿಗೆ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಮಾವ, ಇದನ್ನ ಗೋಡೆಗೆ ಕಟ್ಟಿದೀರಲ್ಲ!"

"ನಾನೆಲ್ಲಿ ಕಟ್ಟಿದೆ?"

ತಾತ ಬಗ್ಗಿ ನೋಡಿದರು. ಪೆಟ್ಟಿಗೆಯ ಬೆನ್ನಿನಿಂದ ಗೋಡೆಯ ಕೊಕ್ಕೆಗೆ ದಪ್ಪನೆಯ ಪರದೆಪಟ್ಟಿ ಬಿಗಿದಿತ್ತು. ಗೋಡೆಯದೇ ಬಣ್ಣದ ಪಟ್ಟಿ, ಹುಡುಕಿದವರಿಗೂ ಕಾಣದ ಹಾಗೆ. ಹೊಲಿಗೆ ಯಾರದೆಂದು ಕೇಳಬೇಕಾಗಿರಲಿಲ್ಲ. ಅಷ್ಟು ಒತ್ತೊತ್ತಾಗಿ ಟಾಕು ಹಾಕುತ್ತಿದ್ದವಳು ಒಬ್ಬಳೇ.

"ತೊಟ್ಟಿಲು ಬಿಟ್ಟ ಮಕ್ಕಳು ಇದನ್ನ ಹಿಡ್ಕೊಂಡೇ ಎದ್ದು ನಿಲ್ತವೆ. ಮೈಮೇಲೆ ಬೀಳಬಾರದು ಅಂತ" ಎಂದು ಮಗಳು ಹಿಂದಿನಿಂದ ಹೇಳಿದಳು. ಅಳುತ್ತ ಅಳುತ್ತ ಅವಳ ಮೂಗು ಕೆಂಪಾಗಿತ್ತು.

"ನನಗ್ಯಾಕೆ ಹೇಳಲಿಲ್ಲ?"

ಮಗಳು ಮಂಚದ ಕಡೆ ಹೋಗಿ ಅಜ್ಜಿಯ ಹೊದಿಕೆ ಸರಿಮಾಡಿದಳು.

*

ತಾತ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳ ಹೊತ್ತು ಕೂಗುತ್ತಿದ್ದವರು. ಬೆಳಗಿನಿಂದ ಸಂಜೆಯವರೆಗೆ ತಮ್ಮದೇ ದನಿ ತಗಡಿನ ಕೊಂಬುಗಳಿಂದ ಒಡೆದು, ಮೂಗಿನಲ್ಲಿ ಮಾತಾಡಿದ ಹಾಗೆ ಆಚೆ ಬರುವುದನ್ನು ಕೇಳಿ ಕೇಳಿ ಅವರ ತಲೆ ಚಿಟ್ಟು ಹಿಡಿದುಹೋಗಿತ್ತು. ಮನೆಗೆ ಬಂದ ಮೇಲಾದರೂ ಶುದ್ಧವಾದ ಒಂದು ಸದ್ದು ಕೇಳಬೇಕು ಎಂಬ ಆಸೆ. ಸೊಂಟದೆತ್ತರದ ಆ ಎರಡು ಮರದ ಪೆಟ್ಟಿಗೆಗಳು ಮನೆಗೆ ಬಂದ ದಿನ ಅವರು ಊಟವನ್ನೇ ಮರೆತರು.

ಮಗಳಿಗೆ ಆಗ ಎರಡು ವರ್ಷ. ಪೆಟ್ಟಿಗೆಯ ನಡುವೆ ಕಾಗದದ ದೊಡ್ಡ ಬಟ್ಟಲಿನಂಥದ್ದು, ಅದರ ಮಧ್ಯೆ ಒಂದು ಉಬ್ಬು. ಹಾಡು ಬಂದಾಗ ಅದು ಮಿಸುಕುತ್ತಿತ್ತು. ಮಗು ತೋರುಬೆರಳು ಮುಂದೆ ಚಾಚಿಕೊಂಡು ನೇರ ಅತ್ತಲೇ ನಡೆಯಿತು. ತಾತ ಹಾರಿ ಬಂದು ಎತ್ತಿಕೊಂಡರು.

"ನೋಡೇ, ಇದಕ್ಕೆ ಏನಾದ್ರೂ ಆಯ್ತೋ, ಮಕ್ಕಳು ಮರಿ ಯಾರೂ ಈ ಹಾಲಿಗೆ ಕಾಲಿಡೋ ಹಾಗಿಲ್ಲ. ಬಾಗಿಲಿಗೆ ಬೀಗ ಹಾಕ್ಬಿಡ್ತೀನಿ."

ಅವರ ಕೋಪ ಮೂಗಿನ ತುದಿಯಲ್ಲೇ ಇದ್ದ ಕಾಲ ಅದು. ಅಂದರೆ ಅಂದದ್ದೇ. ಅಜ್ಜಿ ವಾದಕ್ಕಿಳಿಯಲಿಲ್ಲ. ಪರದೆ ಅಂಗಡಿಯೊಂದಕ್ಕೆ ಮನೆಯಲ್ಲೇ ಹೊಲಿದುಕೊಡುವುದು ಅವರ ಕೆಲಸ. ಅಲ್ಲಿಂದ ತಂದ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ತುಟಿಗೆ ಹಿಡಿದು ಅಂಗೈಗೆ ಉಫ್ ಎಂದು ಊದುತ್ತ ಕುಳಿತಿದ್ದರು.

"ಏನದು, ಹುಚ್ಚು?"

"ಉಸಿರು ದಾಟಿದರೆ ಹಾಡೂ ದಾಟುತ್ತೆ ರೀ. ಚೌಕಟ್ಟಿಗೆ ಬಿಗಿದು ಮುಚ್ಚಿಬಿಡ್ತೀನಿ. ಏನೂ ಆಗಲ್ಲ ಬಿಡಿ."

ಏನೂ ಆಗಲಿಲ್ಲ. ಇಷ್ಟು ವರ್ಷ ಏನೆಂದರೆ ಏನೂ ಆಗಲಿಲ್ಲ. ಬಲಗಡೆಯ ಬಟ್ಟೆಯನ್ನು ಅಜ್ಜಿ ನಾಲ್ಕು ಸಲ ಬದಲಾಯಿಸಿದರು. ಎಡಗಡೆಯದು ಮಾತ್ರ ಹಳೆಯದೇ ಉಳಿಯಿತು. ಕಲೆಯಾಗಿದೆ ಎಂದು ತಾತ ಗೊಣಗಿದಾಗಲೆಲ್ಲ "ಇರಲಿ ಬಿಡಿ, ಚೆನ್ನಾಗಿದೆ" ಎನ್ನುತ್ತಿದ್ದರು. ಮನೆಗೆ ಬಂದವರಿಗೆ ತಾತ ಒಂದು ಪಾಠವನ್ನೂ ಒಪ್ಪಿಸುತ್ತಿದ್ದರು. "ಎಡಗಡೆಯದು ಬಲಗಡೆಯದಕ್ಕಿಂತ ಒಂದು ಕೂದಲಷ್ಟು ಮೆತ್ತಗೆ ಹಾಡುತ್ತೆ, ಗಮನಿಸಿ. ಮರ ಮಾಗಿದೆ." ಅಜ್ಜಿ ಆಗೆಲ್ಲ ಸೂಜಿಗೆ ದಾರ ಪೋಣಿಸುತ್ತ ತಲೆ ತಗ್ಗಿಸಿಕೊಂಡೇ ಇರುತ್ತಿದ್ದರು.

*

ಮೂರು ಗಂಟೆ ಹೊಡೆಯಿತು. ತಾತ ಸ್ಪೀಕರುಗಳ ಮುಂದೆ ಮೊಣಕಾಲೂರಿ ಎರಡೂ ಬಟ್ಟೆಯ ಚೌಕಟ್ಟುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದರು. ಬಟ್ಟೆ ಎಷ್ಟೇ ತೆಳುವಾಗಿದ್ದರೂ ಚೂರು ಸದ್ದನ್ನು ನುಂಗುತ್ತದೆ ಎಂಬುದು ಅವರ ಹಳೆಯ ಗುಮಾನಿ. ಇವತ್ತು ಅವಳಿಗೆ ಒಂದು ಚೂರೂ ಕಡಿಮೆಯಾಗಕೂಡದು.

ತಟ್ಟೆ ಹುಡುಕಲು ಬೀರುವಿನ ಕಡೆ ತಿರುಗಿದ್ದು ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಹಿಂದೆ 'ಪಟ್' ಎಂದಿತು.

ಮಗಳ ಮಗ, ಎರಡು ತುಂಬಿದ ಪುಟಾಣಿ, ಎಡಗಡೆಯ ಸ್ಪೀಕರಿನ ಎದುರು ನಿಂತಿದ್ದ. ತೋರುಬೆರಳು ಇನ್ನೂ ಚಾಚಿಯೇ ಇತ್ತು. ನಡುವಿನ ಉಬ್ಬು ಒಳಕ್ಕೆ ಕುಸಿದು ತಗ್ಗಾಗಿತ್ತು. ಪುಟಾಣಿ ಎಲ್ಲರ ಮುಖ ನೋಡಿ, ದೊಡ್ಡ ಕೆಲಸ ಮಾಡಿದವನ ಹಾಗೆ ನಕ್ಕ.

"ಇನ್ಮೇಲೆ ಒಂದು ಮಗೂನೂ ಈ ಹಾಲಿಗೆ ಕಾಲಿಡಬಾರದು!" ತಾತನ ಗಂಟಲು ಬಸ್ ನಿಲ್ದಾಣದ ಗಂಟಲು, ಕಿಟಕಿಯ ಗಾಜು ಅದುರಿತು. "ಎಲ್ಲಾ ಆಚೆ! ಬೀಗ ಹಾಕಿ ಬಾಗಿಲಿಗೆ!"

ಪುಟಾಣಿಯ ನಗು ಅಳುವಾಯಿತು. ಮಗಳು ಮಗುವನ್ನು ಎತ್ತಿ ಎದೆಗವಚಿಕೊಂಡಳು. ಅವಳ ಕಣ್ಣಲ್ಲಿ ಈಗ ನೀರಿರಲಿಲ್ಲ.

"ಈ ಒಂದು ಮಾತು ನಿಮ್ಮ ಬಾಯಿಂದ ಬರಬಾರದು ಅಂತ ಅಮ್ಮ ಮೂವತ್ನಾಲ್ಕು ವರ್ಷ ಒದ್ದಾಡಿದಳು, ಅಪ್ಪ. ಇನ್ನೊಂದು ಗಂಟೆ ತಡೀಬಾರದಿತ್ತೇ? ಅವಳು ಇಲ್ಲೇ ಇದಾಳಲ್ಲ ಇನ್ನೂ."

ತಾತ ಮಂಚದ ಕಡೆ ತಿರುಗಿದರು.

ರಿಪೇರಿಯವರು ಎದ್ದು ಬಂದು ಸ್ಪೀಕರಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. "ಗಾಬರಿಯಾಗ್ಬೇಡಿ ಸಾರ್. ತಗ್ಗಾಗಿದೆ ಅಷ್ಟೆ, ಹರಿದಿಲ್ಲ. ಇದನ್ನ ಎಬ್ಬಿಸೋದು ನಿಮ್ಮ ಮನೆಯವರಿಗೆ ನನಗಿಂತ ಚೆನ್ನಾಗಿ ಬರ್ತಿತ್ತು." ಮಗಳ ಕಡೆ ನೋಡಿದರು. "ಅಮ್ಮನ ರಿಪೇರಿ ಡಬ್ಬಿ ಎಲ್ಲಿದೆಯಮ್ಮಾ?"

"ಹೊಲಿಗೆ ಕೋಣೇಲಿ. ಬಂದೋರ ಚೀಲ ಎಲ್ಲ ಇಟ್ಟು ಬೀಗ ಹಾಕಿದೀವಿ."

"ಮಕ್ಕಳ ಬೆರಳಿಗೆ ಬೇಕಾದ್ದೂ ಅಲ್ಲೇ ಬೀಗದೊಳಗೆ ಅನ್ನಿ" ಎಂದು ರಿಪೇರಿಯವರು ನಿಟ್ಟುಸಿರಿಟ್ಟರು. "ಇನ್ನೇನಾಗುತ್ತೆ ಮತ್ತೆ."

ತಾತ ಕುರ್ಚಿಯ ಮೇಲೆ ಕುಸಿದು ಕುಳಿತರು. "ನನಗೆ ಗೊತ್ತಿಲ್ಲದ್ದು ಇನ್ನೂ ಏನೇನಿದೆ ಇಲ್ಲಿ?"

"ಹೇಳಿಬಿಡ್ತೀನಿ ಸಾರ್. ಇನ್ನು ಹೇಳಬಾರದು ಅನ್ನೋರು ಯಾರಿದಾರೆ." ರಿಪೇರಿಯವರು ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತರು. "ಸ್ಪೀಕರ್ ಬಂದು ಒಂದು ತಿಂಗಳಾಗಿರಬೇಕು. ಮಧ್ಯಾಹ್ನ ನಿಮ್ಮ ಮನೆಯವರು ಅಂಗಡಿಗೆ ಓಡಿ ಬಂದರು. ಕೈಯಲ್ಲಿ ಹೊದಿಕೆ ಸುತ್ತಿದ ಗಂಟು. ಮಗೂಗೆ ಹುಷಾರಿಲ್ವೇನೋ, ಡಾಕ್ಟರ ಮನೆ ಅಂತ ತಪ್ಪಿ ಬಂದಿದಾರೆ ಅಂದ್ಕೊಂಡೆ. ಬಿಚ್ಚಿದರೆ ಈ ಎಡಗಡೆಯದರ ಬಟ್ಟಲು, ಮಗು ಬಟ್ಟೆಯ ಚೌಕಟ್ಟು ಕಿತ್ತು ಬೆರಳು ತೂರಿ ಪರಪರ ಹರಿದಿದೆ. ತಾವೇ ನಾಲ್ಕು ಸ್ಕ್ರೂ ಬಿಚ್ಚಿ ತಂದಿದಾರೆ! 'ಇದು ಸಂಜೆ ಆರಕ್ಕೆ ಹಾಡಬೇಕು, ಆರೂ ಕಾಲಿಗೆ ಅವರು ಬರ್ತಾರೆ' ಅಂದರು. ಅದೇ ಬಟ್ಟಲು ನನ್ನ ಹತ್ರ ಇರಲಿಲ್ಲ ಸಾರ್. ಅಳತೆಗೆ ಹತ್ತಿರದ್ದು ಒಂದನ್ನ ಹಾಕಿದೆ. ಸ್ವಲ್ಪ ಮೆತ್ತಗಿನದು."

ತಾತ ತಲೆಯೆತ್ತಿದರು. "ಮೆತ್ತಗಿನದು."

"ಹ್ಞೂಂ."

"ನಾನು ಮರ ಮಾಗಿದೆ ಅಂತ..."

"ಊರೆಲ್ಲ ಹೇಳ್ಕೊಂಡು ಬಂದ್ರಿ" ಎಂದ ತಂಗಿಯ ಮಗ. ಅವನಿಗೆ ತಡೆಯಲಾಗದೆ ನಗು ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ಎಲ್ಲರೂ ಹಲ್ಲು ಕಚ್ಚಿದ್ದರು. ಅವನದು ಸಿಡಿದದ್ದೇ ತಡ, ಮಗಳೂ ನಕ್ಕಳು, ರಿಪೇರಿಯವರೂ ನಕ್ಕರು. ತಾತನ ತುಟಿಯೂ ಅದುರಿತು, ಅದು ನಗುವೋ ಅಳುವೋ ಹೇಳುವ ಹಾಗಿರಲಿಲ್ಲ.

"ಹರಿದದ್ದನ್ನ ಎಸೀಬೇಡಿ, ನನಗೆ ಕೊಡಿ ಅಂತ ಇಸ್ಕೊಂಡು ಹೋದರು" ಎಂದರು ರಿಪೇರಿಯವರು. "ಯಾಕೆ ಅಂತ ಆಮೇಲೆ ತಿಳೀತು."

ಮಗಳು ಬೀಗ ತೆಗೆದು ಹೊಲಿಗೆ ಕೋಣೆಯಿಂದ ಎರಡು ವಸ್ತು ತಂದಳು. ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಅದರಲ್ಲಿ ಅಂಟುಪಟ್ಟಿ, ಮೆದುವಾದ ಬ್ರಷ್ಷು, ಮರದ ಬಣ್ಣದ ಮೇಣ, ಒಣಗಿದ ಕಿತ್ತಳೆ ಸಿಪ್ಪೆ ಇದ್ದವು. ಸಿಪ್ಪೆ ಹುಳುವಿಗೆ ಎಂದು ತಾತ ನಂಬಿದ್ದರು. ಅದು ಬೆಕ್ಕಿಗಂತೆ, ಸ್ಪೀಕರಿನ ಹಿಂದೆ ವಾರಕ್ಕೊಮ್ಮೆ ಹೊಸದು. ಇವತ್ತು ಬೆಳಿಗ್ಗೆ ಕಸ ಗುಡಿಸಿದವರು ಅದನ್ನೂ ಗುಡಿಸಿ ಹಾಕಿದ್ದರು.

ಇನ್ನೊಂದು, ಮೊಣಕಾಲೆತ್ತರದ ಮರದ ಪೆಟ್ಟಿಗೆ. ಅದಕ್ಕೆ ಬಿಗಿದಿದ್ದ ಕಾಗದದ ಬಟ್ಟಲು ತೂತು ತೂತಾಗಿ, ಚಿಂದಿಯಾಗಿ, ಒಳಗಿನ ತಂತಿ ಕಾಣುತ್ತಿತ್ತು. ಮೈಮೇಲೆ ಬಣ್ಣದ ಗೀಚು, ಹಲ್ಲಿನ ಗುರುತು.

"ಚುಚ್ಚೋ ಪೆಟ್ಟಿಗೆ!" ತಂಗಿಯ ಮಗ ಮಗುವಿನ ಹಾಗೆ ಕೂಗಿದ. "ಇನ್ನೂ ಇದೆಯೇನೇ ಇದು? ಈ ಹಲ್ಲು ನಂದು, ಮಾವ! ನಾವು ಯಾರೇ ಬರಲಿ, ಅತ್ತೆ ಮೊದಲು ಹೊಲಿಗೆ ಕೋಣೆಗೆ ಕರ್ಕೊಂಡು ಹೋಗಿ ಇದರ ಮುಂದೆ ಕೂರಿಸ್ತಿದ್ಲು. 'ಚುಚ್ಚು, ಎಷ್ಟು ಬೇಕೋ ಅಷ್ಟು ಚುಚ್ಚು' ಅಂತ. ಬೆರಳು ನೋಯೋವರೆಗೂ ಚುಚ್ತಿದ್ವಿ."

"ಆಸೆ ತೀರಿದ ಮೇಲೆ ಹಾಲಿಗೆ ಕರ್ಕೊಂಡು ಬರೋಳು" ಎಂದಳು ಮಗಳು. "ಇಲ್ಲಿ ಎಡಗಡೆಯದರ ಮುಂದೆ ನಿಲ್ಲಿಸಿ, 'ಅದನ್ನ ಬೆರಳಿಂದ ಮುಟ್ಟು, ಇದನ್ನ ಕಿವಿಯಿಂದ ಮುಟ್ಟು' ಅನ್ನೋಳು. ಈ ಪುಟಾಣಿಗೆ ಹೇಳಿಕೊಡೋದು ಒಂದು ಬಾಕಿಯಿತ್ತು."

ತಾತ ಚುಚ್ಚೋ ಪೆಟ್ಟಿಗೆಯ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದರು. ಅವರು ಬಸ್ಸುಗಳ ಹೆಸರು ಕೂಗುತ್ತಿದ್ದ ಅಷ್ಟೂ ಮಧ್ಯಾಹ್ನಗಳಲ್ಲಿ ಈ ಮನೆಯಲ್ಲಿ ಇನ್ನೊಂದು ಡ್ಯೂಟಿ ನಡೆದಿತ್ತು. ಕಣ್ಣಲ್ಲಿ ಕಣ್ಣಿಟ್ಟು, ಒಂದು ದಿನವೂ ರಜೆಯಿಲ್ಲದೆ. ಎಂಥ ಹೆಂಗಸು ಇವಳು, ಎಂದುಕೊಂಡರು. ಸ್ಪೀಕರೂ ಉಳಿಯಿತು, ಮಕ್ಕಳೂ ಉಳಿದರು, ಗಂಡನ ಜಂಬವನ್ನೂ ಮುಕ್ಕಾಗದ ಹಾಗೆ ಕಾಪಾಡಿದಳು.

ರಿಪೇರಿಯವರು ಅಂಟುಪಟ್ಟಿಯ ತುಂಡೊಂದನ್ನು ತಗ್ಗಿನ ಮೇಲೆ ಮೆತ್ತಗೆ ಒತ್ತಿ, ಉಸಿರು ಬಿಗಿ ಹಿಡಿದು ಎಳೆದರು. ಉಬ್ಬು 'ಪುಟ್' ಎಂದು ಎದ್ದು ಕೂತಿತು. ಸಣ್ಣ ಸುಕ್ಕೊಂದು ಉಳಿಯಿತು.

"ಸುಕ್ಕು ಇರಲಿ" ಎಂದರು ತಾತ.

ಅವರು ಪುಟಾಣಿಯ ಎದುರು ಹೋಗಿ ನಿಂತರು. ಮಗು ಅಮ್ಮನ ಹೆಗಲಲ್ಲಿ ಮುಖ ಮುಚ್ಚಿಕೊಂಡಿತು. "ತಾತ ತಪ್ಪು ಮಾಡ್ತು ಕಣೋ" ಎಂದು ಅದರ ಬೆನ್ನಿಗೆ ಹೇಳಿದರು. ಆಮೇಲೆ ಚುಚ್ಚೋ ಪೆಟ್ಟಿಗೆಯನ್ನು ತಾವೇ ಎಳೆದು ತಂದು ನೆಲದ ಮೇಲೆ ಕುಳಿತು, ಚಿಂದಿ ಕಾಗದಕ್ಕೆ ತಮ್ಮ ಬೆರಳನ್ನೇ ಚುಚ್ಚಿ ತೋರಿಸಿದರು. ಪುಟಾಣಿ ಒಂದು ಕಣ್ಣಿನಲ್ಲಿ ನೋಡಿದ. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಬಂದು ತಾನೂ ಚುಚ್ಚಿದ. ನಾಲ್ಕಕ್ಕೆ ಐದು ನಿಮಿಷವಿರುವಾಗ ಗಾಡಿ ಬಂದು ಬಾಗಿಲಲ್ಲಿ ನಿಂತಿತು.

ತಾತ ಬಟ್ಟೆಯ ಚೌಕಟ್ಟುಗಳನ್ನು ಮತ್ತೆ ಹಾಕಲು ಎತ್ತಿಕೊಂಡರು. ಬಾಗಿಲಿನ ಬೆಳಕು ಎಡಗಡೆಯದರ ಮೇಲೆ ಓರೆಯಾಗಿ ಬಿತ್ತು. ಬಿಸಿಲಿಗೆ ಮಾಸಿದ್ದೆಂದು ಅವರು ಗೊಣಗುತ್ತಿದ್ದ ಕಲೆಗಳು ಈಗ ಬಿಡಿಬಿಡಿಯಾಗಿ ಕಂಡವು. ತಲೆಯೆಣ್ಣೆಯ ಸಣ್ಣ ಸಣ್ಣ ದುಂಡನೆಯ ಗುರುತುಗಳು, ಒಂದರ ಮೇಲೊಂದು, ಮಕ್ಕಳ ಎತ್ತರಕ್ಕೆ. ಅವೆಲ್ಲಕ್ಕಿಂತ ಒಂದು ಗೇಣು ಮೇಲೆ ಇನ್ನೊಂದು ಇತ್ತು. ಅದು ದೊಡ್ಡದು, ಎಲ್ಲಕ್ಕಿಂತ ಗಾಢ.

"ಇದು ಯಾರದು?"

"ಅಮ್ಮಂದು" ಎಂದಳು ಮಗಳು. "ನಾನು ಮಲಗಿದಾಗ ತೀರಾ ಸಣ್ಣ ದನಿಯಲ್ಲಿ ತಟ್ಟೆ ಹಾಕ್ಕೊಂಡು, ಹೊಲಿಗೆ ಸ್ಟೂಲ್ ಎಳ್ಕೊಂಡು ಒರಗಿ ಕೂತಿರೋಳು. ನಾನು ಏಳಬಾರದಲ್ಲ. ಒಂದೊಂದು ಸಲ ಎಚ್ಚರವಾದರೂ ಕಣ್ಣು ಮುಚ್ಕೊಂಡೇ ಇರ್ತಿದ್ದೆ."

ತಾತ ಚೌಕಟ್ಟುಗಳನ್ನು ಅದರದರ ಜಾಗಕ್ಕೆ ಒತ್ತಿ ಕೂರಿಸಿದರು. ತಟ್ಟೆ ಇಟ್ಟು ಮುಳ್ಳು ಇಳಿಸಿದರು. ಇಡೀ ಬೀದಿಗೆ ಕೇಳಿಸಬೇಕೆಂದು ಬೆಳಗಿನಿಂದ ಅಂದುಕೊಂಡಿದ್ದವರು ಗುಂಡಿ ತಿರುಗಿಸಿ ತಿರುಗಿಸಿ ದನಿಯನ್ನು ಪಿಸುಮಾತಿನಷ್ಟು ಮಾಡಿದರು.

"ಹೊಲಿಗೆ ಸ್ಟೂಲ್ ತಗೊಂಡ್ಬಾಮ್ಮಾ."

ಗಾಡಿಯವನು ಹೊಸಿಲಿನಲ್ಲಿ ಇಣುಕಿ, ಏನೋ ಕೇಳಲು ಬಾಯಿ ತೆರೆದು, ಹಾಗೆಯೇ ನಿಂತ. ಕೆಳಗೆ ಪುಟಾಣಿ ಆಗಲೇ ಬಟ್ಟೆಗೆ ಕಿವಿ ಹಚ್ಚಿ ಕಣ್ಣರಳಿಸಿದ್ದ. ತಾತ ಸ್ಟೂಲಿನ ಮೇಲೆ ಕುಳಿತು, ಬಾಗಿ, ಆ ಮೇಲಿನ ಗುರುತಿಗೆ ಕಿವಿಯಿಟ್ಟರು.