ನಾನೂರು ಗ್ರಾಂ

ಡಬ್ಬಿಯ ಮುಚ್ಚಳದ ಒಳಮೈಗೆ ಹಬೆ ಕಟ್ಟಿ ಹನಿಯಾಗಿದೆ, ಒಂದು ಹನಿ ಪಕ್ಕದ್ದನ್ನು ನುಂಗಿ ದಪ್ಪಗಾಗಿ, ಇನ್ನೇನು ಜಾರಿತು ಅನ್ನುವಾಗ ಜಾರದೆ ಅಲ್ಲೇ ನಿಂತಿದೆ, ಹಟಮಾರಿ, ಅವನೂ ಹೀಗೇ ನಿಂತಿದ್ದನಲ್ಲ, ತೊಂಬತ್ತೊಂದು ಕಿಲೋದಲ್ಲಿ, ಒಂದಲ್ಲ ಎರಡಲ್ಲ ಏಳು ವಾರ — ತೊಡೆಯ ಮೇಲೆ ಡಬ್ಬಿ ಬೆಚ್ಚಗಿದೆ, ಒಳಗೆ ಎರಡು ಬೇಯಿಸಿದ ಮೊಟ್ಟೆ, ಎರಡು ತುಂಡು ಬ್ರೆಡ್ಡು, ಪುಟ್ಟದೊಂದು ಆಲೂಗಡ್ಡೆ, ಒಂದು ಹಿಡಿ ಕಡಲೆಬೀಜ, ಒಂದು ಬಾಳೆಹಣ್ಣು, ಸಿಪ್ಪೆ ಬಿಟ್ಟು ಎಲ್ಲ ಸೇರಿ ನಾನೂರು ಗ್ರಾಂ, ತೂಗಿ ನೋಡಬೇಕಾಗಿಲ್ಲ, ಮೂವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದವನ ಅಂಗೈಗೆ ಅಷ್ಟು ಗೊತ್ತಾಗದಿದ್ದರೆ ಆ ಅಂಗೈ ಇದ್ದೂ ದಂಡ. ಇವತ್ತು ಬೆಳಿಗ್ಗೆ ಅಂಗಡಿಯ ಬೀಗ ತೆಗೆದವನು ಮೊದಲು ಮಾಡಿದ ಕೆಲಸ ಚಪ್ಪಲಿ ಬಿಟ್ಟು, ಹಿಟ್ಟಿನ ಗಿರಣಿಯಿಂದ ಬಂದ ದೊಡ್ಡ ತಕ್ಕಡಿ ಹತ್ತಿದ್ದು, ಎಂಬತ್ತೇಳು ಕಿಲೋ ಎಂಟುನೂರು, ಇಳಿದು ಮತ್ತೆ ಹತ್ತಿದ, ಎಂಬತ್ತೇಳು ಎಂಟುನೂರು, ದೊಡ್ಡ ಡಾಕ್ಟರು ಕೇಳಿದ್ದು ಎಂಬತ್ತೆಂಟು, ಇವತ್ತು ಎಂಬತ್ತೆಂಟರೊಳಗೆ ಇದ್ದರೆ ಆಪರೇಷನ್ನಿನ ತಾರೀಕು ಉಳಿಯುತ್ತದೆ, ಇಲ್ಲದಿದ್ದರೆ ಆ ತಾರೀಕು ಬೇರೆಯವರಿಗೆ, ಇವನಿಗೆ ಇನ್ನು ನಾಲ್ಕು ತಿಂಗಳು ಬಿಟ್ಟು, ಮತ್ತೆ ಸಾಲು, ಮತ್ತೆ ಕಾಯುವುದು. ಲೆಕ್ಕ ನೆಟ್ಟಗಿದೆ, ಬರಿ ಹೊಟ್ಟೆಯಲ್ಲಿ ಹತ್ತಿದರೆ ಇನ್ನೂರು ಗ್ರಾಂ ಕಡಿಮೆ, ಡಬ್ಬಿ ಖಾಲಿ ಮಾಡಿ ಹತ್ತಿದರೆ ಇನ್ನೂರು ಗ್ರಾಂ ಜಾಸ್ತಿ. ಪಕ್ಕದಲ್ಲಿ ಅಕ್ಕ. ಎಡಗೈಯನ್ನು ಮಡಿಲಲ್ಲಿ ಮಗುವಿನ ಹಾಗೆ ಮಲಗಿಸಿಕೊಂಡು ಅದರ ಮೇಲೆ ಬಲಗೈ ಹೆಬ್ಬೆರಳು ಇಟ್ಟಿದ್ದಾಳೆ, ವಾರಕ್ಕೆ ಮೂರು ಸಲ ಇಲ್ಲಿಗೆ ಬಂದು ಯಂತ್ರಕ್ಕೆ ರಕ್ತ ಕೊಟ್ಟು, ತೊಳೆಸಿ, ವಾಪಸು ತೆಗೆದುಕೊಳ್ಳುವವಳು, ಅದಕ್ಕಾಗಿ ಆ ಕೈಯಲ್ಲಿ ಎರಡು ನರ ಕೂಡಿಸಿ ಹೊಲಿದಿದ್ದಾರೆ, ಮುಟ್ಟಿದರೆ ಚರ್ಮದಡಿ ಜುಂ ಅನ್ನುತ್ತದೆ, ಬಾಟಲಿಯೊಳಗೆ ಸಿಕ್ಕಿಬಿದ್ದ ಜೇನ್ನೊಣದ ಹಾಗೆ, ಆ ಜುಂ ನಿಂತರೆ ಆ ಕೈ ಮುಗಿಯಿತು, ಬಲಗೈಯದು ಹೋದ ವರ್ಷವೇ ನಿಂತಿತು, ಉಳಿದಿರುವುದು ಇದೊಂದು, ಇದೂ ಈಚೆಗೆ ಸಣ್ಣಗಾಗಿದೆ ಅಂತ ಅವಳು ಬಾಯಿಬಿಟ್ಟು ಹೇಳಿಲ್ಲ, ಆದರೆ ಹೆಬ್ಬೆರಳು ಅಲ್ಲಿಂದ ಏಳುವುದೇ ಇಲ್ಲ. ಡಬ್ಬಿ ನೋಡ್ತಾ ಕೂತ್ರೆ ಹೊಟ್ಟೆಗೆ ಹೋಗುತ್ತೇನೋ, ಗುಂಡ, ಒಂಬತ್ತೂವರೆ ಆಯ್ತು, ತಿನ್ನು.

ತೂಗಿಸಿಕೊಂಡು ಬಂದು ತಿಂತೀನಿ ಅಕ್ಕ, ಇನ್ನೇನು ಕರೀತಾರೆ. ನಿನ್ನನ್ನ ಕರೆಯೋ ಹೊತ್ತಿಗೆ ನಾನು ಒಳಗೆ ಯಂತ್ರದ ಪಕ್ಕ ಮಲಗಿರ್ತೀನಿ, ನೀನು ತಿಂದೆ ಅಂತ ಯಾರು ಸಾಕ್ಷಿ, ನಿನ್ನ ನಾಯೀನಾ. ಆ ನಾಯಿಯ ಸುದ್ದಿ ಇನ್ನೂ ಮುಗಿದಿಲ್ಲ ಇವಳಿಗೆ, ಮುಗಿಯುವುದೂ ಇಲ್ಲ. ನೂರೊಂದು ಕಿಲೋದಿಂದ ಶುರು ಮಾಡಿದವನು, ಅವನ ಕಿಡ್ನಿ ಅಕ್ಕನಿಗೆ ಹೊಂದುತ್ತದೆ ಅಂದ ದಿನ ಖುಷಿಯಲ್ಲಿ ಎರಡು ತಟ್ಟೆ ಊಟ ಮಾಡಿದ್ದ, ಮಾರನೆಯ ದಿನವೇ ದೊಡ್ಡ ಡಾಕ್ಟರು ಅವನ ಹೊಟ್ಟೆಯನ್ನು ಹಿಟ್ಟಿನ ಮೂಟೆ ನೋಡಿದ ಹಾಗೆ ನೋಡಿ, ಇಷ್ಟು ಇಟ್ಕೊಂಡು ಕೊಡೋಕೆ ಆಗಲ್ಲ, ಹದಿಮೂರು ಕಿಲೋ ಇಳಿಸಿ ಅಂದರು. ಮೊದಲ ಹತ್ತು ಕಿಲೋ ಬೆಣ್ಣೆ ಕರಗಿದ ಹಾಗೆ ಕರಗಿತು, ಊಟದ ಮೇಡಂ — ಯಾರು ಏನು ಎಷ್ಟು ತಿನ್ನಬೇಕು ಅಂತ ಬರೆದುಕೊಡುವ ಆಸ್ಪತ್ರೆಯ ಹೆಣ್ಣುಮಗಳು, ಎಲ್ಲರೂ ಹಾಗೇ ಕರೆಯುವುದು — ದಿನಕ್ಕೆ ಸಾವಿರದ ಎಂಟುನೂರು ಕ್ಯಾಲೊರಿ ಅಂತ ಬರೆದಿದ್ದಳು, ಇವನು ಮನಸ್ಸಿನಲ್ಲೇ ಸಾವಿರ ಮಾಡಿಕೊಂಡ, ಕಡಿಮೆ ಹಾಕಿದರೆ ಬೇಗ ಖಾಲಿಯಾಗುತ್ತದೆ, ಇದಕ್ಕೆ ಯಾವ ಶಾಲೆ ಬೇಕು, ಹೆಂಡತಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಅರ್ಧ ತನಗೆ, ಅರ್ಧ ಅಂಗಡಿಯ ಮೆಟ್ಟಿಲ ಮೇಲಿನ ಕಂದು ನಾಯಿಗೆ, ಹೊಟ್ಟೆಗೆ ತಣ್ಣೀರು ಬಟ್ಟೆ, ಆಮೇಲೆ ಮುಳ್ಳು ಬಂದು ತೊಂಬತ್ತೊಂದರಲ್ಲಿ ಕೂತಿತು. ಇನ್ನಷ್ಟು ಕಡಿಮೆ ಮಾಡಿದ. ಕೂತಲ್ಲೇ ಕೂತಿದೆ. ಬೇರೆ ಯಾರಾದರೂ ಆಗಿದ್ದರೆ ತಮ್ಮ ಹೊಟ್ಟೆಯನ್ನು ಅನುಮಾನಿಸುತ್ತಿದ್ದರು, ಇವನು ಅನುಮಾನಿಸಿದ್ದು ತಕ್ಕಡಿಯನ್ನು, ಜನ ಸುಳ್ಳು ಹೇಳಿದ್ದಕ್ಕಿಂತ ತಕ್ಕಡಿ ಸುಳ್ಳು ಹೇಳಿದ್ದನ್ನು ಜಾಸ್ತಿ ಕಂಡವನು, ಒಂದು ದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಮುದ್ರೆಯ ತೂಕದ ಬಟ್ಟುಗಳನ್ನು, ಇಪ್ಪತ್ತು ಕಿಲೋದ ನಾಲ್ಕು, ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು, ಈ ವಾರ್ಡಿನ ತಕ್ಕಡಿಯ ಹಲಗೆ ಬಿಚ್ಚಿ ನೆಲದ ಮೇಲೆ ಕೂತಿದ್ದಾಗ ನರ್ಸಮ್ಮ ಬಂದಳು. ಏನ್ರೀ ಇದು, ಆಸ್ಪತ್ರೆಗೆ ಬಾಂಬ್ ತಂದಿದ್ದೀರಾ. ಬಾಂಬಲ್ಲಮ್ಮ, ನ್ಯಾಯ. ನ್ಯಾಯವೇ ಸಿಕ್ಕಿತು, ತಕ್ಕಡಿ ಇನ್ನೂರು ಗ್ರಾಂ ತಪ್ಪು ತೋರಿಸುತ್ತಿತ್ತು, ಅದೂ ಅವನ ಕಡೆಗೇ, ಇದ್ದದ್ದಕ್ಕಿಂತ ಕಡಿಮೆ. ಸುಮ್ಮನೆ ಹಲಗೆ ಮುಚ್ಚಿ ಎದ್ದು ಬರಬಹುದಿತ್ತು. ಇದೇ ತಕ್ಕಡಿ ಹತ್ತುವವರು ಎಷ್ಟು ಜನ, ಅವರ ಮೈಯಿಂದ ಎಷ್ಟು ನೀರು ತೆಗೆಯಬೇಕು ಅನ್ನುವುದು ಈ ಮುಳ್ಳನ್ನು ನೋಡಿಯೇ — ತಿರುಪು ತಿರುಗಿಸಿ ಸರಿಮಾಡಿದ, ತನ್ನ ಕೈಯಾರೆ ತನ್ನ ತೂಕ ಇನ್ನೂರು ಗ್ರಾಂ ಏರಿಸಿಕೊಂಡು ಬಂದ. ಅಂಗಡಿಗೆ ಬಂದಿದ್ದ ಹೆಂಡತಿ ಇದನ್ನು ಕೇಳಿ ನಗಲಿಲ್ಲ, ಮೆಟ್ಟಿಲ ಕಡೆ ಕೈ ತೋರಿಸಿದಳು, ಅಲ್ರೀ, ಆ ನಾಯಿ ಹಂದಿ ಹಾಗೆ ಆಗಿದೆ, ನೀವ್ಯಾಕೆ ಇಳೀತಿಲ್ಲ. ಸಂಜೆಯೊಳಗೆ ಅಕ್ಕನಿಗೆ ಗೊತ್ತಾಗಿತ್ತು.

ಅಕ್ಕ ಬೈಯಲಿಲ್ಲ, ಅದೇ ಕಷ್ಟ, ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಊಟ ಆಯ್ತೇನೋ ಅಂದಳು. ಆಗಲೇ ಆಯ್ತಕ್ಕ ಅಂದ. ಆಗಲೇ ಅಂದ್ರೆ ಯಾವಾಗ. ಆಗ. ಏನು ತಿಂದೆ. ಅದೇ, ಇದ್ದಿದ್ದು. ಅಮ್ಮ ಹೋದಾಗ ಅವನಿಗೆ ನಾಲ್ಕು, ಅವಳಿಗೆ ಹನ್ನೆರಡು, ಅಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬರುವವರೆಗೆ ಒಲೆ, ಪಾತ್ರೆ, ತಮ್ಮ ಎಲ್ಲ ಅವಳದೇ, ಪಾತ್ರೆಯ ತಳ ಸೌಟಿನಿಂದ ಕೆರೆಯುವ ಸದ್ದು ಈಗಲೂ ಕಿವಿಯಲ್ಲಿದೆ, ಅಕ್ಕ ನೀನು ತಿನ್ನಲ್ವಾ ಅಂದರೆ, ನಾನು ಆಗಲೇ ತಿಂದೆ ಕಣೋ, ನೀನು ತಿನ್ನು, ಅವನು ನಂಬಿ ತಿಂದ, ನಂಬದಿದ್ದ ದಿನವೂ ತಿಂದ, ಹಸಿದ ಹುಡುಗನಿಗೆ ನಂಬುವುದೇನು ಕಷ್ಟ, ದುಂಡಗಾದ, ಗುಂಡ ಅನ್ನುವ ಹೆಸರೂ ಅವಳೇ ಇಟ್ಟದ್ದು. ಆ ಸುಳ್ಳು ನಂದು ಕಣೋ, ಅಂದಳು ಅಕ್ಕ, ನಾನು ಹನ್ನೆರಡನೇ ವಯಸ್ಸಲ್ಲಿ ಮಾಡಿದ ಸುಳ್ಳು, ನನಗೇ ತಂದು ಮಾರ್ತಿದ್ದೀಯಾ. ಆಮೇಲೆ ಇನ್ನೂ ಮೆಲ್ಲಗೆ, ನೀನು ಹಸಿದು ಕೊಡೋದಾದ್ರೆ ನನಗೆ ಬೇಡ, ದೊಡ್ಡ ಡಾಕ್ಟರ ಹತ್ತಿರ ನಾನೇ ಹೋಗಿ ಬೇಡ ಅಂತ ರುಜು ಹಾಕಿ ಬರ್ತೀನಿ. ಹಾಕುವವಳೇ. ಬಾಯಿಮಾತಿಗೆ ಏನನ್ನೂ ಹೇಳಿದವಳಲ್ಲ. ಅವಳೇ ಅವನನ್ನು ಊಟದ ಮೇಡಂ ಮುಂದೆ ಕೂರಿಸಿ, ಇವನು ಅರ್ಧ ನಾಯಿಗೆ ಹಾಕ್ತಾನೆ ಅಂತ ಚಾಡಿ ಹೇಳಿದಳು, ಐವತ್ತು ದಾಟಿದ ಗಂಡಸು ತಲೆ ತಗ್ಗಿಸಿ ಕೂತಿದ್ದ. ಮೇಡಂ ರಕ್ತದ ರಿಪೋರ್ಟು ತಿರುವಿ ಹಾಕಿದಳು. ಸೊರಗಿದವರಿಂದ ಏನನ್ನೂ ತೆಗೆಯಲ್ಲ ನಾವು, ಗೊತ್ತಾ. ಮಾಯ ಮಂತ್ರ ಏನಿಲ್ಲ ಸಾರ್, ನೀವು ಹೊಟ್ಟೆ ಕಟ್ಟಿದ್ರಿ, ಮೈ ತನ್ನ ಕೆಲಸ ಕಡಿಮೆ ಮಾಡ್ತು, ನಿದ್ದೆ ಇಲ್ಲ, ನಡಿಗೆ ಇಲ್ಲ, ನೀರು ಬೇರೆ ಹಿಡಿದಿಟ್ಕೊಂಡಿದೆ, ಜಾಸ್ತಿ ತಿನ್ನಿ, ಎರಡು ವಾರ ಎರಡು ಸಾವಿರ, ಆಮೇಲೆ ಬರೆದಷ್ಟು ಪೂರ್ತಿ, ಹೊತ್ತಿಗೆ ಸರಿಯಾಗಿ. ಇಳಿಯೋಕೆ ತಿನ್ನೋದಾ ಮೇಡಂ. ಹೂಂ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ, ನಿಮಗೆ ಊಟ ಗೊತ್ತಿಲ್ಲ, ತೂಕ ಮಾತ್ರ ಗೊತ್ತು. ಅದು ನಾಟಿತು, ಯಾಕೆಂದರೆ ಅವನು ಅಷ್ಟರಲ್ಲಾಗಲೇ ಒಂದು ಸಂಗತಿ ನೋಡಿಕೊಂಡಿದ್ದ, ಯಾರಿಗೂ ಹೇಳದೆ, ಇಪ್ಪತ್ತು ಕಿಲೋದ ಬಟ್ಟನ್ನು ಎತ್ತುವುದು ಬಿಟ್ಟು ಕಾಲಿನಿಂದ ಉರುಳಿಸುತ್ತಿದ್ದ, ಎದ್ದು ತರಬೇಕಾದ ಸ್ಪ್ಯಾನರನ್ನು ಕೂತಲ್ಲಿಂದಲೇ ಕೋಲಿನಿಂದ ಎಳೆದುಕೊಳ್ಳುತ್ತಿದ್ದ, ಮನೆಯ ಮಾಳಿಗೆಗೆ ಹತ್ತಿ ಎಷ್ಟು ದಿನವಾಯಿತೋ.

ತಿಂದ. ಮೊದಲ ವಾರ ಮುಳ್ಳು ತೊಂಬತ್ತೆರಡಕ್ಕೆ ಏರಿತು, ಅವತ್ತು ಅಂಗಡಿಯಲ್ಲಿ ತಕ್ಕಡಿಯ ಮೇಲೇ ಕೂತುಬಿಟ್ಟಿದ್ದ, ಹೋಯಿತು, ಆ ಮೇಡಂ ಮಾತು ಕೇಳಿ ಅಕ್ಕನ ಕೈ ಕಳೆದೆ ಅಂತ, ಕಣ್ಣಮುಂದೆ ಆ ಕೈ, ಚರ್ಮದಡಿ ಜುಂ ಅನ್ನುವ ಆ ಹಗ್ಗದಂಥ ನರ, ಅದು ಸಣ್ಣಗಾಗುತ್ತ ಸಣ್ಣಗಾಗುತ್ತ, ಆದರೂ ಒಂದು ಹೊತ್ತೂ ತಪ್ಪಿಸಲಿಲ್ಲ, ತಪ್ಪಿಸಲು ಅಕ್ಕ ಬಿಡಲಿಲ್ಲ, ಆಸ್ಪತ್ರೆಯ ದಿನ ಬೆಳಗಿನ ತಿಂಡಿ ಅವಳ ಕಣ್ಣೆದುರೇ ಅನ್ನುವುದು ಕರಾರು, ದಿನಕ್ಕೆ ಮೂರು ಲೋಟದ ಮೇಲೆ ನೀರು ಕುಡಿಯುವಂತಿಲ್ಲದವಳು, ಬಾಳೆಹಣ್ಣು ಮುಟ್ಟುವಂತಿಲ್ಲದವಳು, ಅವನು ಅಗಿಯುವುದನ್ನೇ ನೋಡುತ್ತ, ಉಪ್ಪು ಸಾಕಾ, ಹಣ್ಣು ಸಿಹಿ ಇದೆಯಾ ಅಂತ ಕೇಳುವಳು, ಇದೆ ಅಕ್ಕ, ಸರಿಯಾಗಿ ಹೇಳು, ಎಷ್ಟು ಸಿಹಿ. ಎರಡನೇ ವಾರ ತೊಂಬತ್ತೊಂದು. ಮೂರನೇ ವಾರ ಯಾವಾಗಲೋ ಬಟ್ಟನ್ನು ಉರುಳಿಸದೆ ಎತ್ತಿ ಮೇಜಿನ ಮೇಲಿಟ್ಟಿದ್ದ, ಇಟ್ಟ ಮೇಲೇ ಗೊತ್ತಾದದ್ದು, ಊಟವಾದ ಮೇಲೆ ಕಾಲು ತಾನಾಗಿ ಬೀದಿಯ ಕೊನೆವರೆಗೂ ಹೋಗಿ ಬರುತ್ತಿತ್ತು, ಹಿಂದೆ ನಾಯಿ, ಮುನಿಸಿಕೊಂಡೇ. ಆಮೇಲೆ ತೊಂಬತ್ತು, ಎಂಬತ್ತೊಂಬತ್ತು — ಮತ್ತು ಇವತ್ತಿನ ಎಂಬತ್ತೇಳು ಎಂಟುನೂರು. ಇಷ್ಟು ದೂರ ಬಂದು ನಾನೂರು ಗ್ರಾಮಿನಲ್ಲಿ ಮುಗ್ಗರಿಸುವುದೇ, ಇವತ್ತೊಂದು ದಿನ, ಒಂದೇ ಒಂದು ಹೊತ್ತು, ಅವಳು ಒಳಗೆ ಹೋಗಲಿ, ಆಮೇಲೆ ತಿಂದರಾಯಿತು, ಯೋಚನೆಗಳು ಕಪ್ಪೆ ತೂಗಿದ ಹಾಗೆ, ಒಂದನ್ನು ಹಿಡಿದು ಕೂರಿಸಿದರೆ ಇನ್ನೊಂದು ನೆಗೆಯುತ್ತದೆ. ಅಕ್ಕ, ಇದನ್ನ ತಿಂದ್ರೆ ಇನ್ನೂರು ಗ್ರಾಂ ಜಾಸ್ತಿ ಬರುತ್ತೆ, ತಾರೀಕು ಹೋಗುತ್ತೆ. ಹೋದ್ರೆ ಹೋಗಲಿ. ನಿನ್ನ ಕೈ ಅಲ್ಲೀವರೆಗೆ — ನನ್ನ ಕೈ ನಾನು ನೋಡ್ಕೋತೀನಿ. ಇವತ್ತು ಬಿಟ್ಟೆ ಅಂದ್ರೆ ನಾಳೆನೂ ಬಿಡ್ತೀಯ, ನನಗೆ ಗೊತ್ತಿಲ್ವಾ, ನಾನು ಬಿಟ್ಟಿಲ್ವಾ, ಒಂದು ಹೊತ್ತು ಅಂತ ಶುರು ಮಾಡಿ ಎಷ್ಟು ವರ್ಷ ಬಿಟ್ಟೆ. ಹಾಗಂದವಳು ಮೊಟ್ಟೆ ಎತ್ತಿ ಅವನ ಕೈಗೆ ಕೊಟ್ಟಳು, ತುತ್ತಿಡುವ ಹಾಗೇನಲ್ಲ, ಕೆಲಸದವನ ಕೈಗೆ ಸುತ್ತಿಗೆ ಕೊಡುವ ಹಾಗೆ. ಐವತ್ತೈದು ಗ್ರಾಂ. ಬಾಯಿಗಿಟ್ಟ. ಬಿಳಿ ಭಾಗ ತಣ್ಣಗೆ, ಒಳಗೆ ಹಳದಿ ಇನ್ನೂ ಬೆಚ್ಚಗೆ, ಅಂಟಿಕೊಳ್ಳುತ್ತದೆ, ನಿಧಾನ ಕಣೋ, ಇನ್ನೊಂದು, ನೂರಹತ್ತು, ಬ್ರೆಡ್ಡು, ಆಲೂಗಡ್ಡೆ, ಕಡಲೆಬೀಜ ಹಲ್ಲಿನ ಕೆಳಗೆ ಸದ್ದು ಮಾಡುತ್ತದೆ, ಬಾಳೆಹಣ್ಣಿನ ಸಿಪ್ಪೆ ಸುಲಿಯುವಾಗ ಅಕ್ಕನ ಮೂಗು ಸ್ವಲ್ಪ ಅರಳಿತು, ಎಷ್ಟು ಸಿಹಿ. ಜಾಸ್ತಿ ಸಿಹಿ, ಅಕ್ಕ. ಹಾಂ.

ನರ್ಸಮ್ಮ ಕರೆದಳು, ಇಬ್ಬರನ್ನೂ ಒಟ್ಟಿಗೆ, ಒಂದೇ ತಕ್ಕಡಿ. ಅಕ್ಕ ಮೊದಲು, ನಲವತ್ತಾರು ಕಿಲೋ ನೂರು, ಎರಡು ಕಿಲೋ ನೀರು ತುಂಬಿದೆ ಅಕ್ಕಾ, ಕದ್ದು ಕುಡಿದ್ರಾ. ಕುಡಿದೆ ಕಣಮ್ಮ, ನಿನ್ನೆ ತುಂಬ ಬಾಯಾರಿತ್ತು. ಆಮೇಲೆ ಅವನು. ರಬ್ಬರಿನ ಹಲಗೆ ಅಂಗಾಲಿಗೆ ತಣ್ಣಗೆ, ಮುಳ್ಳು ಓಡಿತು, ಎಂಬತ್ತೆಂಟು ದಾಟಿ ಒಂದು ಸಲ ನಡುಗಿ ನಿಂತಿತು, ಇನ್ನೂರು, ಕರಾರುವಾಕ್ಕು, ಅವನೇ ಸರಿಮಾಡಿದ ತಕ್ಕಡಿ. ನರ್ಸಮ್ಮ ಪೆನ್ನು ಹಿಡಿದು ಅವನ ಮುಖ ನೋಡಿದಳು, ಎಂಬತ್ತೆಂಟು ಅಂತ ಬರೀಲಾ, ಸಾರ್. ಇದ್ದಿದ್ದು ಬರೀರಿ. ಊಟದ ಮೇಡಂ ಬಾಗಿಲಲ್ಲಿ ಯಾವಾಗ ಬಂದು ನಿಂತಳೋ, ತಿಂದು ಬಂದ್ರಾ. ತಿಂದೆ, ನಾನೂರು ಗ್ರಾಂ. ಅವಳು ಕಾಗದ ತೆಗೆದುಕೊಂಡು, ಹೋದ ತಿಂಗಳ ರಕ್ತದ ರಿಪೋರ್ಟು, ಈ ವಾರದ್ದು, ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದಳು, ಇಷ್ಟು ನಿಧಾನವಾಗಿ ಯಾರಾದರೂ ಓದುತ್ತಾರೆಯೇ, ಗೋಡೆಯ ಮೇಲೆ ಗಡಿಯಾರ, ಹಲಗೆಯ ಮೇಲೆ ತನ್ನ ಬರಿಗಾಲು, ಉಗುರು ಕತ್ತರಿಸಬೇಕು. ಹೊಟ್ಟೆಯಲ್ಲಿರೋ ಬಾಳೆಹಣ್ಣಿಗೆ ನಾವು ಆಪರೇಷನ್ ಮಾಡಲ್ಲ, ಅಂದಳು ಮೇಡಂ, ರುಜು ಹಾಕುತ್ತ, ಬರಿ ಹೊಟ್ಟೇಲಿ ಬಂದಿದ್ರೆ ಇವತ್ತು ವಾಪಸು ಕಳಿಸ್ತಿದ್ದೆ, ಇನ್ನು ಮೂರು ವಾರ ಹೀಗೇ ತಿನ್ನಿ, ದೊಡ್ಡ ಡಾಕ್ಟರಿಗೆ ನಾನು ಹೇಳ್ತೀನಿ, ನಿಮ್ಮ ತಾರೀಕು ನಿಮಗೇ. ಇಳಿದ. ಚಪ್ಪಲಿ ಎಡದ್ದು ಬಲಕ್ಕೆ ಹಾಕಿಕೊಂಡ. ಅಕ್ಕ ಆಗಲೇ ಹಾಸಿಗೆಯ ಮೇಲೆ, ಎಲ್ಲ ಕೇಳಿಸಿಕೊಂಡಿದ್ದಾಳೆ, ಸೆರಗಿನಿಂದ ಮುಖ ಒರೆಸಿಕೊಂಡವಳು ಬೆವರು ಅಂದಳು, ಫ್ಯಾನು ತಿರುಗುತ್ತಿತ್ತು. ನರ್ಸಮ್ಮ ಸೂಜಿ ಸಿದ್ಧ ಮಾಡುತ್ತ, ಇದೆಯಾ ನೋಡ್ಕೊಳ್ಳಿ ಅಕ್ಕಾ ಅಂದಾಗ ಅಕ್ಕ ತನ್ನ ಹೆಬ್ಬೆರಳು ಇಡಲಿಲ್ಲ, ಅವನ ಕೈಯನ್ನು ಹಿಡಿದೆಳೆದು ಇಟ್ಟುಕೊಂಡಳು, ಬಾಳೆಹಣ್ಣಿನ ಅಂಟು ಇನ್ನೂ ಇರುವ ಬೆರಳು, ಅರ್ಧ ಗ್ರಾಮಿನ ವ್ಯತ್ಯಾಸ ಹಿಡಿಯುವ ಬೆರಳು, ಮೊದಲು ಏನೂ ಇಲ್ಲ, ಬೆಚ್ಚಗಿನ ಚರ್ಮ, ಗಂಟು ಗಂಟಾದ ನರ, ಒತ್ತಬೇಡ ಕಣೋ, ಸುಮ್ಮನೆ ಇಡು, ಇಟ್ಟ, ಇಪ್ಪತ್ತೊಂದು ದಿನ, ಒಂಬತ್ತು ಸಲ ಯಂತ್ರ, ಅಷ್ಟು ದಿನ, ಅಷ್ಟು ದಿನ ಸಾಕು — ಸಿಕ್ಕಿತು, ಎಲ್ಲೋ ಕೆಳಗೆ, ಸಣ್ಣಗೆ, ಇದೆಯೇನೋ, ಇದೆ ಅಕ್ಕ, ಸೂಜಿ ಕಾಯುತ್ತಿದೆ, ಬೆರಳು ತೆಗೆಯಬೇಕು, ತೆಗೆಯುತ್ತಿಲ್ಲ, ಬಾಟಲಿಯೊಳಗೆ ಜೇನ್ನೊಣ, ಗಾಜಿಗೆ ರೆಕ್ಕೆ ಬಡಿಯುತ್ತ, ಜುಂ, ಜುಂ, ಜುಂ —