ಅಕ್ಷರ ಮಲಗಿದ ದಾರಿ

"ಎರಡು ಮಿಲಿಮೀಟರ್ ಅಂದ್ರೆ ಎಷ್ಟು ಹೆಜ್ಜೆ?"

ಅವಳು ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಎಂಟು ಗಂಟೆಯ ಬಿಸಿಲು ಬಂಡೆಗಳ ಮೇಲೆ ಹರಡಿತ್ತು. ಆಕಾಶದಲ್ಲಿ ಮೋಡದ ಒಂದು ಚೂರೂ ಇರಲಿಲ್ಲ. ಮುಂದೆ ಏರು ಹತ್ತುತ್ತಿದ್ದ ಅಣ್ಣ ಏದುಸಿರಿನ ನಡುವೆಯೇ ಏನೋ ಗುನುಗುತ್ತಿದ್ದ. ಮಾತು ತಾನಾಗಿ ಬಾಯಿಂದ ಜಾರಿತ್ತು.

"ಏನಂದೆ?"

"ಏನಿಲ್ಲ. ಕಾಲು ನೋಡ್ಕೊಂಡು ಹತ್ತು."

ಅಣ್ಣ ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಹೋದ ತಿಂಗಳು ನಿವೃತ್ತನಾದ. ಮರುದಿನವೇ ತಂಗಿಯ ಮನೆಗೆ ಬಂದು, ಹೊಸದಾಗಿ ಅಚ್ಚಾದ ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಲೋಟ ಇಟ್ಟು, "ಇಡೀ ಜನ್ಮ ಚಕ್ರದ ಮೇಲೆ ಸುತ್ತಿದ್ದಾಯ್ತು ಕಣೇ ಪುಟ್ಟಿ. ನೀನು ಬರೆದ ದಾರೀಲಿ ಒಂದು ದಿನ ನನ್ನ ಕಾಲ ಮೇಲೆ ನಡೀಬೇಕು" ಎಂದಿದ್ದ. ಬೆಳಗಿನಿಂದ ಸಂಜೆಯವರೆಗೆ ಪ್ರಸ್ಥಭೂಮಿಯ ಈ ತುದಿಯಿಂದ ಆ ತುದಿಗೆ, ದಾರಿಯಲ್ಲಿ ಸಿಗುವ ಪುರಾತನ ಜಾಗಗಳನ್ನೆಲ್ಲ ನೋಡುತ್ತ ನಡೆಯುವವರಿಗೆಂದೇ ಮಾಡಿದ ನಕ್ಷೆ ಅದು. ಅವಳು ಕಡಲ ದಂಡೆಗೆ ಹೋಗೋಣ ಎಂದಳು, ಮಂಡಿನೋವು ಎಂದಳು, ಆಫೀಸಿನಲ್ಲಿ ರಜೆ ಇಲ್ಲ ಎಂದಳು. ಅಣ್ಣ ಒಂದಕ್ಕೂ ಬಗ್ಗಲಿಲ್ಲ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನು, ಮೊದಲ ಬಾರಿ ನಕ್ಷೆಯ ಕಚೇರಿಯ ಬಾಗಿಲವರೆಗೆ ಕೈಹಿಡಿದು ಬಿಟ್ಟುಬಂದವನು ಅವನೇ. ಅವನ ಮುಖ ನೋಡಿ ಇಲ್ಲ ಅನ್ನುವುದಾದರೂ ಹೇಗೆ?

ಕಚೇರಿಯಲ್ಲಿ ಅವಳನ್ನು ಎಲ್ಲರೂ ಅಕ್ಷರದಕ್ಕ ಎಂದೇ ಕರೆಯುತ್ತಿದ್ದರು. ಉದ್ದನೆಯ ಕೋಣೆ, ಸಾಲು ಕಿಟಕಿ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜುಗಳು. ಬೇರೆಯವರು ಬೆಟ್ಟ, ಹೊಳೆ, ದಾರಿಗಳ ಗೆರೆ ಎಳೆದು ಮುಗಿಸಿದ ಮೇಲೆ ಹಾಳೆ ಅವಳ ಮೇಜಿಗೆ ಬರುತ್ತಿತ್ತು. ಊರಿನ, ಕೆರೆಯ, ಕೋಟೆಯ ಹೆಸರುಗಳು ತೆಳ್ಳನೆಯ ಅಂಟುಪಟ್ಟಿಯ ಮೇಲೆ ಅಚ್ಚಾಗಿರುತ್ತಿದ್ದವು. ಅವನ್ನು ಬ್ಲೇಡಿನಿಂದ ಕತ್ತರಿಸಿ, ಚಿಮಟದಿಂದ ಎತ್ತಿ, ಉಸಿರು ಬಿಗಿಹಿಡಿದು ಅದರದರ ಜಾಗದಲ್ಲಿ ಕೂರಿಸುವುದು ಅವಳ ಕೆಲಸ. ಹೆಸರು ಗೆರೆಯನ್ನು ಮುಟ್ಟಬಾರದು, ಅದೇ ಅಲ್ಲಿಯ ಮೊದಲ ನಿಯಮ. ಜಾಗ ಸಾಲದಿದ್ದರೆ ಒಂದು ಬೇಲಿಯನ್ನೋ ಒಣಹಳ್ಳವನ್ನೋ ಕೂದಲೆಳೆಯಷ್ಟು ಸರಿಸುವ ರೂಢಿಯೂ ಇತ್ತು. ಆದರೆ ಸರಿಸಿದ್ದನ್ನು ಹಾಳೆಯ ಅಂಚಿನಲ್ಲಿ ನೀಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಕಾಲುದಾರಿಯನ್ನು, ಪ್ರಪಾತವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟುವ ಹಾಗಿರಲಿಲ್ಲ.

ಅವಳು ಎರಡನ್ನೂ ಮುಟ್ಟಿದ್ದಳು.

ಅಚ್ಚಿನ ಮನೆಯ ಗಾಡಿ ಬಂದು ಕಾಯುತ್ತಿದ್ದ ಮಧ್ಯಾಹ್ನ ಅದು. 'ಹಳೆಯ ಕಾವಲು ಗೋಪುರದ ಅವಶೇಷ' ಎಂಬ ಹೆಸರೊಂದೇ ಉಳಿದಿತ್ತು. ಬಲಕ್ಕೆ ಜವುಗು ನೆಲದ ಚುಕ್ಕಿಗಳು ಒತ್ತಾಗಿದ್ದವು, ಎಡಕ್ಕೆ ಕಾಲುದಾರಿ, ಅದರಾಚೆ ಪ್ರಪಾತ. ಹೆಸರನ್ನು ಎಲ್ಲಿ ಇಟ್ಟರೂ ಏನೋ ಒಂದನ್ನು ತುಳಿಯುತ್ತಿತ್ತು. ಅವಳು ಕಾಲುದಾರಿಯನ್ನು ಎರಡು ಮಿಲಿಮೀಟರ್ ಎಡಕ್ಕೆ ಸರಿಸಿದಳು. ಆಗ ಅದು ಪ್ರಪಾತದ ಒಂದು ಕೊರಕಲಿನ ಮೂತಿಗೆ ತಾಗಿತು. ಬ್ಲೇಡಿನ ತುದಿಯಿಂದ ಆ ಮೂತಿಯನ್ನು ಕೆರೆದು ತೆಗೆದಳು. ಮರು ಅಚ್ಚಿನಲ್ಲಿ ಸರಿಪಡಿಸಿದರಾಯಿತು ಎಂದುಕೊಂಡಳು. ನೀಲಿ ಪೆನ್ಸಿಲು ಕೈಗೆ ಸಿಗಲಿಲ್ಲ, ಅವಳು ಹುಡುಕಲೂ ಇಲ್ಲ. ಮುಖ್ಯಸ್ಥರು ಭೂತಗನ್ನಡಿಯಲ್ಲಿ ನೋಡಿ, "ಅಕ್ಷರ ಮುತ್ತಿನ ಹಾಗೆ ಕೂತಿದೆಯಮ್ಮ" ಎಂದು ಹೊಗಳಿ ಸಹಿ ಹಾಕಿದರು.

ನಿಜವಾದ ದಾರಿ ಎಲ್ಲಿತ್ತೋ ಅಲ್ಲಿ ಈಗ ಆ ಅಕ್ಷರಗಳು ಮಲಗಿವೆ. ಒಂದು ಮಿಲಿಮೀಟರಿಗೆ ಇಪ್ಪತ್ತೈದು ಮೀಟರ್. ಎರಡಕ್ಕೆ ಐವತ್ತು.

'ಬಿಸಿಲಿದೆ. ದಾರಿ ಕಣ್ಣಿಗೆ ಕಾಣತ್ತೆ. ದಾರಿ ಕಂಡರೆ ನಕ್ಷೆ ಯಾರು ನೋಡ್ತಾರೆ' ಎಂದು ಬೆಳಗಿನಿಂದ ನೂರು ಸಲ ತನಗೆ ತಾನೇ ಹೇಳಿಕೊಂಡಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಇಬ್ಬರೂ ಮೇಲಿದ್ದರು. ಮರವಿಲ್ಲ, ಮನೆಯಿಲ್ಲ, ಮೊಣಕಾಲೆತ್ತರದ ಒಣಹುಲ್ಲು ಮತ್ತು ಬೂದು ಬಂಡೆ. ಮೊದಲು ಸಿಕ್ಕಿದ್ದು ಹಳೆಯ ಸುಂಕದ ಬಾಗಿಲು. ಎರಡು ಕಲ್ಲುಕಂಬ, ನಡುವಿನ ಬಂಡೆಯಲ್ಲಿ ಸಾವಿರಾರು ಗಾಡಿಗಳು ಉಜ್ಜಿ ಕೊರೆದ ಚಕ್ರದ ಜೋಡಿ ಜಾಡು. ಅಣ್ಣ ಮಂಡಿಯೂರಿ ಅದರೊಳಗೆ ಗೇಣು ಹಾಕಿದ.

"ನೋಡೇ, ಒಂದು ಗೇಣು ಸವೆದಿದೆ! ಈ ಚಾಲಕರಿಗೂ ಪಾಪ ನನ್ನ ಹಾಗೇ ಸೊಂಟನೋವು ಇತ್ತೋ ಏನೋ. ಹೋಲ್ಡಾನ್, ಹೋಲ್ಡಾನ್! ಸುಂಕ ಕೊಟ್ಟು ಮುಂದೆ ಹೋಗಿ!"

ಅವಳು ನಕ್ಕಳು. ನಗುವಾಗಲೂ ಕಣ್ಣು ಆಕಾಶದ ಕಡೆಗೇ ಇತ್ತು. ಆಮೇಲೆ ಸೈನಿಕರ ಸಮಾಧಿಗಳ ಸಾಲು ಬಂತು, ಹೆಸರು ಅಳಿಸಿಹೋದ ನಲವತ್ತೊಂದು ಕಲ್ಲು. ಅಣ್ಣ ಟೋಪಿ ತೆಗೆದು ನಿಂತ. ಅವಳು ಕಣ್ಣುಮುಚ್ಚಿ ಕೈಮುಗಿದಳು. 'ದೇವರೇ, ಸಂಜೆಯವರೆಗೆ ಈ ಬಿಸಿಲೊಂದನ್ನು ಕಾಪಾಡು.' ಬೇರೇನನ್ನೂ ಬೇಡಲಿಲ್ಲ.

ಕಾವಲು ಗೋಪುರ ಮುಟ್ಟಿದಾಗ ಎರಡು ಗಂಟೆ. ಗೋಪುರ ಎನ್ನುವುದು ಹೆಸರಿಗಷ್ಟೇ. ಆಳೆತ್ತರದ ಮುರುಕು ಗೋಡೆ, ಒಳಗೆ ನೆಟ್ಟಗೆ ನಿಂತ ಒಂದು ಮೆಟ್ಟಿಲುಸಾಲು. ಗೋಡೆಗೆ ಒರಗಿ ಬುತ್ತಿ ಬಿಚ್ಚಿದರು. ಬ್ರೆಡ್ಡಿನ ಎರಡನೆಯ ತುಂಡು ಬಾಯಿಗೆ ಹೋಗುವ ಮೊದಲೇ ಎಡಗಡೆಯಿಂದ, ಪ್ರಪಾತದ ಕಡೆಯಿಂದ, ತಣ್ಣನೆಯ ಉಸಿರೊಂದು ಬಂತು. ಅವಳು ತಲೆಯೆತ್ತಿದಳು. ಮಂಜು ಅಂಚು ಹತ್ತಿ ಸದ್ದಿಲ್ಲದೆ ನೆಲದುದ್ದಕ್ಕೂ ತೆವಳುತ್ತಿತ್ತು. ಹುಲ್ಲು ಹೋಯಿತು, ಬಂಡೆ ಹೋಯಿತು. ಬುತ್ತಿ ಕಟ್ಟುವಷ್ಟರಲ್ಲಿ ಎದುರು ಕೂತ ಅಣ್ಣನ ಮುಖವೇ ಮಸುಕಾಯಿತು.

"ಇಲ್ಲೇ ಕೂತಿರೋಣ ಅಣ್ಣ, ಕರಗೋವರೆಗೂ."

"ಕರಗದಿದ್ರೆ? ಕೆಳಗೆ ಕಡೇ ಬಸ್ಸು ಐದೂವರೆಗೆ. ಓಡಿಸೋನು ನನ್ನ ಶಿಷ್ಯ, ಗುರುವಿಗೋಸ್ಕರ ಅಂತ ಒಂದು ನಿಮಿಷವೂ ಕಾಯಲ್ಲ ಆ ಪುಣ್ಯಾತ್ಮ. ರಾತ್ರಿ ಇಲ್ಲಿ ಚಳಿಗೆ ಕಲ್ಲಾಗ್ತೀವಿ." ಅಣ್ಣ ಎದ್ದು ನಕ್ಷೆ ಬಿಚ್ಚಿದ, ದಿಕ್ಸೂಚಿಯನ್ನು ಅದರ ಮೇಲಿಟ್ಟ. "ಹೆದರಬೇಡ್ವೇ. ಇದಕ್ಕಿಂತ ದಟ್ಟ ಮಂಜಲ್ಲಿ ಐವತ್ತು ಜನರನ್ನ ಕೂರಿಸ್ಕೊಂಡು ಘಾಟಿ ಇಳಿಸಿದೀನಿ. ನಿನ್ನ ಗೆರೆ ಇದೆಯಲ್ಲ, ಅದರ ಮೇಲೆ ಬಿಟ್ರೆ ನೇರ ಇಳಿಜಾರಿನ ಮೆಟ್ಟಿಲಿಗೆ."

ಬಂಡೆಯ ನೆಲದಲ್ಲಿ ಸವೆದ ದಾರಿಯ ಗುರುತಿರಲಿಲ್ಲ. ದೂರ ದೂರಕ್ಕೆ ಪೇರಿಸಿಟ್ಟ ಕಲ್ಲುಗುಪ್ಪೆಗಳೇ ಗುರುತು, ಅವು ಮಂಜಿನಲ್ಲಿ ಮುಳುಗಿದ್ದವು. ಅಣ್ಣ ಹೊರಟೇಬಿಟ್ಟ. ಅವಳು ಹಿಂದೆಯೇ ಓಡಿದಳು.

"ಅಣ್ಣಾ, ಸ್ವಲ್ಪ ಬಲಕ್ಕೆ ಹೋಗೋಣ."

"ಬಲಕ್ಕೆ ಜವುಗು. ನೀನೇ ಚುಕ್ಕಿ ಹಾಕಿದೀಯಲ್ಲ, ಇಲ್ಲಿ ನೋಡು. ಸೊಂಟದವರೆಗೆ ಹೂತುಹೋಗ್ತೀವಿ."

"ಅಷ್ಟು ದೂರ ಅಲ್ಲ, ಸ್ವಲ್ಪ."

"ಏನೇ ಇದು, ನಿನ್ನ ನಕ್ಷೆ ಮೇಲೆ ನಿನಗೇ ನಂಬಿಕೆ ಇಲ್ವಾ?" ಅಣ್ಣ ನಕ್ಕ. ಅವನ ಬೆನ್ನು ಮೂರು ಹೆಜ್ಜೆಗೆ ಬೂದುಬಣ್ಣವಾಯಿತು, ಐದು ಹೆಜ್ಜೆಗೆ ನೆರಳಾಯಿತು.

ಹೇಳಬೇಕು. ಈಗಲೇ ಹೇಳಬೇಕು. ಅವಳು ಬಾಯಿ ತೆರೆದಳು. ಮಾತಿನ ಬದಲು ಮಂಜು ಒಳಗೆ ಹೋದ ಹಾಗಾಯಿತು. ಇನ್ನು ಇಪ್ಪತ್ತು ಹೆಜ್ಜೆ ಹೋಗಲಿ, ಗುಪ್ಪೆಯೊಂದು ಸಿಕ್ಕರೂ ಸಿಕ್ಕೀತು ಎಂದುಕೊಂಡಳು. ಇಪ್ಪತ್ತಾಯಿತು. ಇನ್ನೂ ಇಪ್ಪತ್ತು. ಅಣ್ಣನ ಗುನುಗು ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು. ಊರಲ್ಲೆಲ್ಲ ಅವನು ಹೇಳಿಕೊಂಡು ತಿರುಗಿದ್ದ, ನನ್ನ ತಂಗಿ ಬರೆದಿದ್ದು, ನನ್ನ ತಂಗಿ ಬರೆದಿದ್ದು ಎಂದು. ಆ ಹೆಮ್ಮೆಯನ್ನು ತನ್ನ ಬಾಯಿಂದಲೇ ಹೇಗೆ ಒಡೆಯುವುದು? ಹಾಗೆಂದು ಹಿಂಜರಿಯುತ್ತ ಹಿಂಜರಿಯುತ್ತ ಎಷ್ಟು ದೂರ ಬಂದಳೋ ಅವಳಿಗೇ ತಿಳಿಯಲಿಲ್ಲ.

ಮುಖಕ್ಕೆ ಬಡಿಯುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ಕಾಲಡಿಯಿಂದ ಬೀಸಿತು.

"ನಿಲ್ಲು!" ಅವಳು ಹಾರಿ ಅಣ್ಣನ ಚೀಲದ ಪಟ್ಟಿ ಹಿಡಿದೆಳೆದಳು. "ನಿಲ್ಲು ಅಣ್ಣಾ! ಆ ಗೆರೆ ಸುಳ್ಳು. ನಾನೇ ಸರಿಸಿದ್ದು. ಹೆಸರಿಗೆ ಜಾಗ ಸಾಲಲಿಲ್ಲ, ನಾನೇ ಸರಿಸಿಬಿಟ್ಟೆ. ಮುಂದೆ ಕೊರಕಲಿದೆ, ಅದನ್ನೂ ಅಳಿಸಿದೀನಿ."

"ಏನ್ ತಮಾಷೆ ಮಾಡ್ತಿದೀಯ?" ಎನ್ನುತ್ತ ಅಣ್ಣ ಬಲಗಾಲು ಮುಂದಿಟ್ಟ. ಕಾಲಡಿಯ ಕಲ್ಲೊಂದು ಉರುಳಿತು. ಇಬ್ಬರೂ ಕಿವಿಗೊಟ್ಟರು. ಕಲ್ಲು ಬಿದ್ದ ಸದ್ದು ಬರಲೇ ಇಲ್ಲ.

ಅಣ್ಣ ಹಾಗೇ ಕುಸಿದು ಕೂತ. ಮೂವತ್ತೊಂದು ವರ್ಷ ಸ್ಟೇರಿಂಗು ಹಿಡಿದ ಕೈಗಳು ಹುಲ್ಲಿನ ಬುಡವನ್ನು ಬಿಗಿಹಿಡಿದವು. ಇಬ್ಬರೂ ಕೂತಲ್ಲಿಂದಲೇ, ಮಕ್ಕಳು ಮೆಟ್ಟಿಲು ಇಳಿಯುವಂತೆ, ತೆವಳಿ ತೆವಳಿ ಹಿಂದಕ್ಕೆ ಬಂದರು.

ಅಂಚು ದೂರವಾದ ಮೇಲೆ ಅಣ್ಣ ಕೇಳಿದ. "ಬೆಳಗಿಂದ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ನಾನು ಹಾಡ್ಕೊಂಡು ಹೋಗ್ತಿದ್ದೆ. ನೀನು ಹಿಂದೆ ಸುಮ್ನೆ ಬರ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ, ಕಣ್ಣೊರೆಸಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ, "ಈಗ ರಿವರ್ಸ್ ಹೇಗೆ ಹೇಳು" ಎಂದ.

ಪ್ರಪಾತಕ್ಕೆ ನೆಟ್ಟಗೆ ಬೆನ್ನು ಹಾಕಿ ಐವತ್ತು ಮೀಟರ್, ಎಂದರೆ ಎಪ್ಪತ್ತು ಹೆಜ್ಜೆಯ ಆಸುಪಾಸು. ಎಣಿಕೆ ತಪ್ಪಿದರೆ ಜವುಗು. ಭಯದಲ್ಲಿ ಹತ್ತರ ಮೇಲೆ ಅಂಕಿಯೇ ನೆನಪಿಗೆ ಬರಲಿಲ್ಲ. ಬಂದದ್ದು ಸಂಜೆಹೊತ್ತು ಅಜ್ಜಿ ರಾಗವಾಗಿ ಓದುತ್ತಿದ್ದ ಆರು ಸಾಲಿನ ಪದ್ಯ. ಅಜ್ಜಿಯ ಮೊಣಕಾಲಿಗೆ ಒರಗಿ ಕೇಳಿದ ಆ ಓಟ ಅವಳ ಮೈಯಲ್ಲಿತ್ತು. ಸಾಲಿಗೆ ಹನ್ನೆರಡು ಹೆಜ್ಜೆ. ಒಂದು ಕೈಯಲ್ಲಿ ದಿಕ್ಸೂಚಿ, ಇನ್ನೊಂದರಲ್ಲಿ ಅಣ್ಣನ ಬೆರಳು. ತುಟಿ ಅಲುಗಿಸುತ್ತ ನಡೆದಳು. ಮೊದಲ ಸಾಲು, ಎರಡು, ಮೂರು. ನಾಲ್ಕನೆಯದರಲ್ಲಿ ಎಡವಿ, ಆ ಸಾಲನ್ನು ಅರ್ಧದಿಂದ ಹಿಡಿದಳು. ಆರನೆಯ ಸಾಲು ಮುಗಿಯುವಾಗ ಮಂಜಿನೊಳಗಿಂದ ಗಿಡ್ಡ ಮನುಷ್ಯನಂತೆ ಕಲ್ಲುಗುಪ್ಪೆಯೊಂದು ಎದ್ದುಬಂತು. ಅಣ್ಣ ಅದನ್ನು ತಬ್ಬಿಕೊಂಡ.

"ದೇವರು ದೊಡ್ಡೋನು" ಎಂದ. "ಸಾಕು. ಇನ್ನು ಗುಪ್ಪೆಯಿಂದ ಗುಪ್ಪೆಗೆ ಇಳಿದುಬಿಡೋಣ."

ಆಗ ಹಿಂದಿನಿಂದ ಮಾತು ಕೇಳಿಸಿತು. ಗೋಪುರದ ಕಡೆಯಿಂದ ನಾಲ್ಕೈದು ಜನ ಬರುತ್ತಿದ್ದರು. ಬಂಡೆಯ ಮೇಲೆ ಬೂಟುಗಳ ಸದ್ದು, ಊರುಗೋಲಿನ ಕಬ್ಬಿಣದ ತುದಿಯ ಟಕ್ ಟಕ್, ಯಾರದೋ ನಗು. ಸದ್ದು ಅವರತ್ತ ಬರುತ್ತಿರಲಿಲ್ಲ. ಎಡಕ್ಕೆ, ಅಂಚಿನ ಕಡೆಗೆ, ಅವಳು ಎಳೆದ ಗೆರೆಯ ಮೇಲೆ ನೇರವಾಗಿ ಹೋಗುತ್ತಿತ್ತು.

ಅವಳು ಸದ್ದಿನ ಕಡೆಗೆ ತಿರುಗಿ ಕೂಗಿದಳು. "ಓಯ್! ಆ ಕಡೆ ಹೋಗ್ಬೇಡಿ! ಅಲ್ಲಿ ಪ್ರಪಾತ ಇದೆ!"

ಬೂಟುಗಳು ನಿಂತವು. ದಪ್ಪ ದನಿಯೊಂದು ಕೂಗಿತು. "ಯಾರ್ರೀ ಅದು? ದಾರಿ ತಪ್ಪಿದೀರಾ? ಬನ್ನಿ ನಮ್ಮ ಜೊತೆ. ನಕ್ಷೆ ಇದೆ ನಮ್ಮ ಹತ್ರ!"

"ನಕ್ಷೆ ತಪ್ಪು! ನಿಜವಾದ ದಾರಿ ಇಲ್ಲಿದೆ, ಗುಪ್ಪೆ ಹತ್ರ!"

"ಹೊಸಾದು ಕಣಮ್ಮಾ, ಸರ್ಕಾರದ್ದು! ಗಾಬರಿ ಆಗ್ಬೇಡಿ, ಅಲ್ಲೇ ಇರಿ, ಕೆಳಗಿಳಿದು ಯಾರನ್ನಾದ್ರೂ ಕಳಿಸ್ತೀವಿ." ಇನ್ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಟಕ್ ಟಕ್ ಮತ್ತೆ ಶುರುವಾಯಿತು.

"ನಿಲ್ಲಿ! ನನಗೆ ಗೊತ್ತು, ಆ ನಕ್ಷೆ ತಪ್ಪು ಅಂತ ನನಗೆ ಗೊತ್ತು!"

"ನಿಮಗೆ ಹೇಗೆ ಗೊತ್ತಮ್ಮಾ? ಯಾರು ನೀವು?"

ಅವಳು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಅಣ್ಣ ಅವಳ ಎರಡೂ ತೋಳು ಹಿಡಿದ. ಮುಖ ಮುಖದ ಹತ್ತಿರ ತಂದು ಪಿಸುಗುಟ್ಟಿದ.

"ಕೂಗು, ಗಂಟಲು ಹರಿಯೋ ಹಾಗೆ ಕೂಗು, ನಾನೂ ಕೂಗ್ತೀನಿ. ಆದ್ರೆ ನೀನೇ ಬರೆದಿದ್ದು ಅಂತ ಮಾತ್ರ ಹೇಳ್ಬೇಡ. ಹೇಳಿದ್ರೆ ನಾಳೆ ಕೆಲಸ ಇರಲ್ಲ, ಜೈಲಿಗೇ ಹಾಕ್ತಾರೋ ಏನೋ. ಇನ್ನೇನಾದ್ರೂ ಹೇಳು, ಸುಳ್ಳು ಹೇಳು. ನಿನ್ನನ್ನ ನಾನು ಬೆಳೆಸಿದೀನಿ ಪುಟ್ಟಿ. ಇವತ್ತಿನವರೆಗೆ ನಿನ್ನ ಹತ್ರ ಏನೂ ಬೇಡಿಲ್ಲ. ಕೈಮುಗೀತೀನಿ, ಇದೊಂದು ಕೇಳು."

ಊರುಗೋಲಿನ ಸದ್ದು ದೂರವಾಗುತ್ತಿತ್ತು. ಅವಳು ಅಣ್ಣನ ಕೈಗಳನ್ನು ಒಂದೊಂದಾಗಿ ಬಿಡಿಸಿದಳು.

"ಇಲ್ಲ ಅಣ್ಣ" ಎಂದಳು. "ಹೇಳ್ತೀನಿ. ಇದೊಂದು ಮಾತು ನಾನು ಕೇಳಲ್ಲ."